ಧಣಿ ಲೋಕ ಸುತ್ತಲಿ, ಗಲ್ಲಾದ ಬೀಗದ ಕೈ ಬಿಟ್ಟು ಹೋಗಲಿ

‘ಎಲ್ಲಿ ಕೂತರೂ ಕಂಪನಿ ನಡೆಸಬಹುದು’ ಎಂಬ ಮಾತು ಈಗ ನಮ್ಮ ಹುಡುಗರ ಬಾಯಲ್ಲಿ ಸುಪ್ರಭಾತದಂತೆ ಕೇಳುತ್ತಿದೆ. ಲ್ಯಾಪ್‌ಟಾಪ್ ಒಂದು, ಪಾಸ್‌ಪೋರ್ಟ್ ಒಂದು. ಈ ತಿಂಗಳು ಲಿಸ್ಬನ್, ಮುಂದಿನ ತಿಂಗಳು ಬಾಲಿ. ಸಮುದ್ರದ ಎದುರು ಕಾಫಿ ಕಪ್ಪಿನ ಫೋಟೊ, ಅದರ ಕೆಳಗೆ ‘ಇವತ್ತಿನ ನನ್ನ ಆಫೀಸು’ ಎಂಬ ಸಾಲು. ಫೋಟೊ ಸುಳ್ಳಲ್ಲ, ಆದರೆ ಅದು ಅರ್ಧ ಫೋಟೊ. ಉಳಿದ ಅರ್ಧ ಠಾಣೆ ಪೂರ್ವದ ಈ ಕೋಪರಿಯಲ್ಲೋ, ಐರೋಳಿಯಲ್ಲೋ, ಡೊಂಬಿವಲಿಯ ವನ್ ರೂಮ್ ಕಿಚನ್‌ನಲ್ಲೋ ಇದೆ. ಅದನ್ನು ಯಾರೂ ತೆಗೆದು ಹಾಕುವುದಿಲ್ಲ.

ಲೆಕ್ಕ ಸರಳವಾದದ್ದು. ಬೇಸಿಗೆಯಲ್ಲಿ ಪೋರ್ಚುಗಲ್ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಅಲ್ಲಿನ ಫೌಂಡರ್ ಸಾಹೇಬರು ಸಂಜೆ ಆರಕ್ಕೆ ‘ಒಂದು ಸಣ್ಣ ಮೀಟಿಂಗ್’ ಎಂದರೆ ಕೋಪರಿಯಲ್ಲಿ ರಾತ್ರಿ ಹತ್ತೂವರೆ. ಅವರು ಬಾಲಿಗೆ ಹೋದರೆ ಎರಡೂವರೆ ಗಂಟೆ ಮುಂದೆ. ಅವರ ಬೆಳಗಿನ ಎಂಟು ಗಂಟೆಯ ಹುರುಪು ನಮಗೆ ಐದೂವರೆಯ ನಿದ್ದೆಗೇಡು. ಊರು ಬದಲಿಸುವವರು ಅವರು, ಗಡಿಯಾರ ಬದಲಿಸಬೇಕಾದವರು ಇವರು. ಒಂದೇ ಕೋಣೆಯಲ್ಲಿ ಅಪ್ಪ-ಅಮ್ಮ ಮಲಗಿರುವಾಗ ಅಡುಗೆಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಪಿಸುಮಾತಿನಲ್ಲಿ ವರದಿ ಒಪ್ಪಿಸುವ ಹುಡುಗಿಗೆ ‘ಎಲ್ಲಿಂದಲಾದರೂ ಕೆಲಸ’ ಎಂದರೆ ಇಷ್ಟೇ ಅರ್ಥ.

ಇದರಲ್ಲಿ ಒಂದು ಕುಹಕವೂ ಇದೆ. ಅದೇ ಪೋರ್ಚುಗಲ್ 2021ರಲ್ಲಿ ಕಾನೂನು ಮಾಡಿ, ಅನಿವಾರ್ಯ ಸಂದರ್ಭ ಬಿಟ್ಟರೆ ಕೆಲಸಗಾರರ ವಿಶ್ರಾಂತಿಯ ಹೊತ್ತಿನಲ್ಲಿ ಮಾಲೀಕರು ಅವರನ್ನು ಸಂಪರ್ಕಿಸಬಾರದು ಎಂದಿತು. ದೂರದಿಂದ ದುಡಿಯುವವರಿಗಾಗಿ ಆ ದೇಶ 2022ರ ಅಕ್ಟೋಬರಿನಲ್ಲಿ ತೆರೆದ ವೀಸಾಕ್ಕೆ ಅಲ್ಲಿನ ಕನಿಷ್ಠ ವೇತನದ ನಾಲ್ಕು ಪಟ್ಟು ಆದಾಯ ತೋರಿಸಬೇಕು. ಅಂದರೆ ಕೆಲಸಗಾರನ ನಿದ್ದೆಗೂ ಕೂಲಿಗೂ ಬೆಲೆ ಕಟ್ಟಿರುವ ನೆಲದ ಮೇಲೆ ಕೂತು, ಆ ಬೆಲೆ ಇಲ್ಲದ ಊರಿಗೆ ರಾತ್ರಿ ಫೋನು ಮಾಡುವ ವ್ಯವಸ್ಥೆ ಇದು. ನಮ್ಮಲ್ಲಿ ಬಾರಾಮತಿಯ ಸಂಸದೆ ಸುಪ್ರಿಯಾ ಸುಳೆ 2018ರಲ್ಲಿ ಲೋಕಸಭೆಯಲ್ಲಿ ಇಂಥದ್ದೇ ಹಕ್ಕಿಗಾಗಿ ಖಾಸಗಿ ಮಸೂದೆ ಮಂಡಿಸಿದ್ದರು. ಅದು ಕಾನೂನಾಗಲಿಲ್ಲ.

ಇದ್ದ ಕಾನೂನೂ ಮನೆಯ ಹೊಸ್ತಿಲಲ್ಲಿ ಬಿದ್ದುಹೋಯಿತು. ಅಂಗಡಿ ಮತ್ತು ಸಂಸ್ಥೆಗಳ ಕುರಿತು ಮಹಾರಾಷ್ಟ್ರ 2017ರಲ್ಲಿ ಮಾಡಿದ ಕಾಯ್ದೆ, ರಾತ್ರಿ ಒಂಬತ್ತೂವರೆಯ ನಂತರ ಹೆಂಗಸರನ್ನು ದುಡಿಸಬೇಕಾದರೆ ಅವರ ಒಪ್ಪಿಗೆ ಬೇಕು, ರಕ್ಷಣೆ ಬೇಕು, ಮನೆಬಾಗಿಲವರೆಗೆ ವಾಹನ ಬೇಕು ಎಂದು ಹೇಳಿತು. ಮನೆಯೇ ಆಫೀಸಾದ ಮೇಲೆ ವಾಹನದ ಪ್ರಶ್ನೆಯೇ ಇಲ್ಲ. ಒಪ್ಪಿಗೆಯನ್ನೂ ಯಾರೂ ಕೇಳುವುದಿಲ್ಲ. ಮೀಟಿಂಗಿನ ಕೊಂಡಿ ಒತ್ತಿದ್ದೇ ಒಪ್ಪಿಗೆ.

‘ಇದು ಹೊಸ ಕಾಲ, ನಿಮಗೆ ಅರ್ಥವಾಗದು’ ಎನ್ನುವವರಿಗೆ ಒಂದು ಮಾತು. ದೂರದಿಂದ ವ್ಯವಹಾರ ನಡೆಸುವುದನ್ನು ಮುಂಬಯಿ ಕನ್ನಡಿಗರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಉಡುಪಿ, ಕುಂದಾಪುರ, ಮಂಗಳೂರಿನ ಕಡೆಯಿಂದ ಬಂದು ಮಾಟುಂಗದಿಂದ ಕಲ್ಯಾಣದವರೆಗೆ ಹೋಟೆಲು ಇಟ್ಟವರು ಕೋಲಕ್ಕೆ, ನೇಮಕ್ಕೆ, ಮಗಳ ಮದುವೆಗೆಂದು ಊರಿಗೆ ಹೋಗುತ್ತಿದ್ದರು. ಹೋದರೆ ಹದಿನೈದು ದಿನ, ಕೆಲವೊಮ್ಮೆ ತಿಂಗಳು. ಆಗ ಇದ್ದದ್ದು ಇನ್‌ಲ್ಯಾಂಡ್ ಪತ್ರ, ಅವಸರಕ್ಕೆ ಟ್ರಂಕ್ ಕಾಲ್. ಹಾಗಂತ ಇಡ್ಲಿ ಹಿಟ್ಟು ರುಬ್ಬುವುದು ನಿಲ್ಲಲಿಲ್ಲ. ಯಾಕೆಂದರೆ ಧಣಿ ಹೊರಡುವ ಮುಂಚೆ ಗಲ್ಲಾದ ಬೀಗದ ಕೈಯನ್ನು ಮೇನೇಜರನ ಕೈಗೆ ಕೊಟ್ಟು ಹೋಗುತ್ತಿದ್ದರು. ಹಾಲಿನವನಿಗೆ ದುಡ್ಡು, ಕೆಲಸದ ಹುಡುಗನಿಗೆ ಮುಂಗಡ, ಕೆಟ್ಟ ಗ್ರೈಂಡರಿಗೆ ರಿಪೇರಿ ಎಲ್ಲವನ್ನೂ ಅವನೇ ತೀರ್ಮಾನಿಸಬಹುದಿತ್ತು. ತಿರುಗಿ ಬಂದ ಮೇಲೆ ಲೆಕ್ಕ ನೋಡುತ್ತಿದ್ದರು, ಬೈಯುವುದಿದ್ದರೆ ಬೈಯುತ್ತಿದ್ದರು.

ಆ ಕಾಲ ಸ್ವರ್ಗವಾಗಿರಲಿಲ್ಲ. ಹೋಟೆಲಿನ ಮೇಜು ಜೋಡಿಸಿ ಮಲಗಿದ ಹುಡುಗರ ಬೆನ್ನು ಅದನ್ನು ಹೇಳುತ್ತದೆ. ಆದರೂ ಅದೇ ಹುಡುಗರಲ್ಲಿ ಎಷ್ಟೋ ಮಂದಿ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ ಬ್ಯಾಂಕು, ಕೋರ್ಟು, ಕಾಲೇಜು ಸೇರಿದರು. ಸಂಜೆ ಇಷ್ಟು ಹೊತ್ತಿಗೆ ಹುಡುಗನನ್ನು ಬಿಡಬೇಕು ಎಂಬ ಮಾತಿಗೆ ಯಾರೋ ಧಣಿ ತಲೆಯಾಡಿಸಿದ್ದರಿಂದ ಮಾತ್ರ ಅದು ನಡೆಯಿತು. ಇವತ್ತು ಹಗಲು ಸ್ಟಾರ್ಟಪ್ಪಿನಲ್ಲಿ ದುಡಿದು ರಾತ್ರಿ ಸಿಎ ಪರೀಕ್ಷೆಗೆ ಓದುವ ವಿದ್ಯಾರ್ಥಿಗೆ ಆ ಎರಡು ಗಂಟೆಯೂ ತನ್ನದಲ್ಲ.

ಈಗಿನ ಗಲ್ಲಾ ಫೋನಿನೊಳಗಿದೆ. ಬೀಗದ ಕೈಯ ಹೆಸರು ಓಟಿಪಿ. ಟಿಡಿಎಸ್ ಕಟ್ಟಲು 7ನೇ ತಾರೀಕು, ಪಿಎಫ್‌ಗೆ 15, ಜಿಎಸ್‌ಟಿಗೆ ಸಾಮಾನ್ಯವಾಗಿ 20. ಈ ದಿನಗಳು ಲಿಸ್ಬನ್ನಿನ ವಿಮಾನಕ್ಕೆ ಕಾಯುವುದಿಲ್ಲ. ಬ್ಯಾಂಕಿನ ಓಟಿಪಿ ಫೌಂಡರ್ ಸಾಹೇಬರ ಫೋನಿಗೆ ಬರುತ್ತದೆ, ಫೋನು ಆಕಾಶದಲ್ಲಿದೆ, ಅಥವಾ ರೋಮಿಂಗ್ ಕೈಕೊಟ್ಟಿದೆ. ಸಂಬಳ ತಡ. ಕೇಳಿದರೆ ಉತ್ತರ ‘ನೀವೇ ಏನಾದರೂ ಮಾಡಿ, ನಿಮ್ಮ ಮೇಲೆ ನಂಬಿಕೆ ಇದೆ.’ ನಂಬಿಕೆ ಇದೆ, ಅಧಿಕಾರ ಇಲ್ಲ. ಇನ್ನು ಡಿಜಿಟಲ್ ಸಹಿಯ ಆ ಪೆನ್‌ಡ್ರೈವ್ ಅನ್ನು ಪಾಸ್‌ವರ್ಡಿನ ಸಮೇತ ಅಕೌಂಟೆಂಟಿನ ಮೇಜಿನ ಮೇಲೆ ಬಿಟ್ಟು ಹೋಗುವವರೂ ಇದ್ದಾರೆ. ಸಹಿಯ ಹಿಡಿತವನ್ನು ಸಹಿಯ ಒಡೆಯನೇ ಜೋಪಾನ ಮಾಡಬೇಕು ಎನ್ನುತ್ತದೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ. ಅದು ಅಧಿಕಾರ ಕೊಟ್ಟಂತೆ ಅಲ್ಲ, ಅಪಾಯವನ್ನು ದಾಟಿಸಿದಂತೆ.

ಎಲ್ಲಕ್ಕಿಂತ ದೊಡ್ಡ ದಾಟಿಸುವಿಕೆ ಇನ್ನೊಂದಿದೆ. 2013ರ ಕಂಪನಿ ಕಾಯ್ದೆಯ 149ನೇ ಕಲಮಿನ ಪ್ರಕಾರ ಪ್ರತಿ ಕಂಪನಿಯಲ್ಲೂ ಒಬ್ಬ ನಿರ್ದೇಶಕರಾದರೂ ಆರ್ಥಿಕ ವರ್ಷದಲ್ಲಿ ಕನಿಷ್ಠ 182 ದಿನ ಭಾರತದಲ್ಲಿ ಇದ್ದಿರಬೇಕು. ಕಾನೂನಿನ ಇಂಗಿತ ಸ್ಪಷ್ಟ: ಕರೆದರೆ ‘ಇದ್ದೇನೆ’ ಎನ್ನಲು ಒಬ್ಬರಾದರೂ ಇಲ್ಲಿ ಇರಲಿ. ಲೋಕ ಸುತ್ತಬೇಕೆನ್ನುವವರು ಇದಕ್ಕೆ ಕಂಡುಕೊಂಡ ಉಪಾಯ ಊರಿನ ಅಪ್ಪ, ಹೆಂಡತಿ, ಇಲ್ಲವೇ ಕಂಪನಿಗೆ ಮೊದಲು ಸೇರಿದ ಹುಡುಗ. ‘ಬರೇ ಹೆಸರಿಗೆ, ಇಲ್ಲಿ ಒಂದು ಸೈನ್ ಹಾಕಿ’ ಎನ್ನುತ್ತಾರೆ. ನಿವೃತ್ತ ಮೇಷ್ಟ್ರಾದ ಅಪ್ಪ ಮಗನ ಮೇಲಿನ ಪ್ರೀತಿಯಿಂದ ಸೈನ್ ಹಾಕುತ್ತಾರೆ. ಕಾಯ್ದೆಯಲ್ಲಿ ‘ಬರೇ ಹೆಸರಿಗೆ’ ಎಂಬ ನಿರ್ದೇಶಕ ಸ್ಥಾನ ಇಲ್ಲ. ವಾರ್ಷಿಕ ಪತ್ರ ಸಲ್ಲಿಸದಿದ್ದರೆ ನೋಟಿಸು ಬರುವುದು ಅವರ ಹೆಸರಿಗೂ. ಮಗ ಆಗ ಎಲ್ಲಿರುತ್ತಾನೋ.

ತಿರುಗಾಟವೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಹೊರದೇಶದ ಗಿರಾಕಿಯನ್ನು ಕಾಣಲು ಹೋಗಲೇಬೇಕು. ನಮ್ಮ ಸಣ್ಣ ಊರಿನ ಮಕ್ಕಳು ಲೋಕ ನೋಡಿದರೆ ಹೆಮ್ಮೆಯೇ. ಊರು ಬಿಟ್ಟು ಬಂದವರಾದ ನಾವು ಇನ್ನೊಬ್ಬರಿಗೆ ‘ಊರಲ್ಲೇ ಇರು’ ಎಂದು ಹೇಳುವುದು ಶೋಭಿಸದು. ಆಫೀಸೇ ಇಲ್ಲದ ಗಿಟ್‌ಲ್ಯಾಬ್, ಆಟೋಮ್ಯಾಟಿಕ್‌ನಂಥ ಕಂಪನಿಗಳು ಜಗತ್ತಿನ ತುಂಬ ನೌಕರರನ್ನಿಟ್ಟುಕೊಂಡು ನಡೆದಿವೆ. ಗಿಟ್‌ಲ್ಯಾಬ್ ತನ್ನ ಕೆಲಸದ ರೀತಿಯನ್ನೆಲ್ಲ ಬರೆದು, ಯಾರು ಬೇಕಾದರೂ ಓದುವಂತೆ ಇಟ್ಟಿದೆ. ಅಲ್ಲಿ ಮಾತಿಗಿಂತ ಬರಹ ಮುಖ್ಯ, ಒಬ್ಬ ಎದ್ದಾಗ ಇನ್ನೊಬ್ಬ ಎದ್ದಿರಬೇಕಾಗಿಲ್ಲ. ದೂರದ ಕೆಲಸ ಅಲ್ಲಿ ಎಲ್ಲರಿಗೂ ಒಂದೇ. ನಮ್ಮಲ್ಲಿ ಒಬ್ಬನಿಗೆ ಪ್ರವಾಸ, ಉಳಿದವರಿಗೆ ಪಹರೆ. ಎರಡಕ್ಕೂ ಒಂದೇ ಹೆಸರಿಟ್ಟರೆ ಒಂದೇ ಆಗುವುದಿಲ್ಲ.

‘ಸರ್ವರ್ ಬಿದ್ದರೆ ರಾತ್ರಿ ಎಬ್ಬಿಸದೆ ಇರಲಾಗುತ್ತದೆಯೇ?’ ಎಂದು ಕೇಳುತ್ತಾರೆ. ಬೆಂಕಿ ಬಿದ್ದರೆ ಯಾರನ್ನಾದರೂ ಎಬ್ಬಿಸಿ. ಪಾಳಿ ಹಾಕಿ, ಪಾಳಿಗೆ ದುಡ್ಡು ಕೊಡಿ, ಮರುದಿನ ಮಲಗಲು ಬಿಡಿ. ಲೋಗೋದ ನೀಲಿ ಸ್ವಲ್ಪ ತಿಳಿಯಾಗಲಿ ಎಂಬುದು ಬೆಂಕಿಯಲ್ಲ.

ಹಾಗಾಗಿ ಕೇಳುವುದು ಇಷ್ಟೇ. ಹೋಗುವವರು ತಾವೇ ಗಡಿಯಾರ ಬದಲಿಸಲಿ. ಲಿಸ್ಬನ್ನಿನಲ್ಲಿದ್ದರೆ ಬೆಳಿಗ್ಗೆ ಆರಕ್ಕೆ ಎದ್ದು ಕೂರಲಿ, ಕೋಪರಿಯಲ್ಲಿ ಆಗ ಹತ್ತೂವರೆ, ಎಲ್ಲರೂ ಸಿಗುತ್ತಾರೆ. ಹೊರಡುವ ಮುಂಚೆ ಇಂತಿಷ್ಟು ರೂಪಾಯಿವರೆಗೆ ಖರ್ಚು ಮಾಡುವ ಅಧಿಕಾರವನ್ನು ಇಲ್ಲಿರುವ ಒಬ್ಬರಿಗೆ ಬರಹದಲ್ಲಿ ಕೊಡಲಿ, ಬ್ಯಾಂಕಿನಲ್ಲಿ ಅವರ ಸಹಿ ಸೇರಿಸಲಿ. ನಿರ್ದೇಶಕರನ್ನಾಗಿ ಮಾಡುವುದಾದರೆ ಪಾಲು ಕೊಟ್ಟು, ಲೆಕ್ಕ ತೋರಿಸಿ ಮಾಡಲಿ.

ಕೆಲಸ ಹುಡುಕುತ್ತಿರುವ ತಮ್ಮಂದಿರೇ, ತಂಗಿಯರೇ, ಸಂದರ್ಶನದಲ್ಲಿ ಸಂಬಳದ ಜೊತೆ ಇನ್ನೆರಡು ಪ್ರಶ್ನೆ ಕೇಳಿ: ಮೀಟಿಂಗ್ ಯಾವ ಊರಿನ ಹೊತ್ತಿಗೆ? ನೀವು ಇಲ್ಲದಾಗ ಸಂಬಳಕ್ಕೆ ಸಹಿ ಹಾಕುವವರು ಯಾರು? ಉತ್ತರ ತಡವರಿಸಿದರೆ ಆ ಕಂಪನಿಗೆ ನೀವೇ ಬೀಗ, ಬೀಗದ ಕೈ ಮಾತ್ರ ಪರದೇಶದಲ್ಲಿ ಎಂದು ತಿಳಿಯಿರಿ.