ಸೀಟಿನ ಲೆಕ್ಕ ಹಾಕದೆ ಮಕ್ಕಳನ್ನು ಬಸ್ಸು ಹತ್ತಿಸುವ ಮುನ್ನ

ಎಸೆಸೆಲ್ಸಿ ಪರೀಕ್ಷೆ ಇನ್ನೂ ಶುರುವಾಗಿರುವುದಿಲ್ಲ, ಜಮಖಂಡಿ, ಮುಧೋಳ ಕಡೆ ಪಿಯು ಕಾಲೇಜುಗಳ ಫ್ಲೆಕ್ಸ್‌ಗಳು ಏಳತೊಡಗುತ್ತವೆ. ಮಂಗಳೂರಿನವು, ಮೂಡುಬಿದಿರೆಯವು, ಧಾರವಾಡ, ವಿಜಯಪುರದವು. ರ‍್ಯಾಂಕ್ ಬಂದ ಹತ್ತು ಮಕ್ಕಳ ಮುಖ, ಕೆಳಗೆ ದೊಡ್ಡ ಅಂಕಿ. ಆ ತರಗತಿಗಳಲ್ಲಿ ಒಟ್ಟು ಎಷ್ಟು ಮಕ್ಕಳಿದ್ದರು ಅನ್ನುವ ಅಂಕಿ ಮಾತ್ರ ಯಾವ ಫ್ಲೆಕ್ಸಿನಲ್ಲೂ ಇರುವುದಿಲ್ಲ.

ಈ ಪುಟದ ಓದುಗರಲ್ಲಿ ಹೆಚ್ಚಿನವರು ಕರಾವಳಿಯವರು. ಬಾಗಲಕೋಟೆ ಜಿಲ್ಲೆಯ ನಾಲ್ಕು ತಾಲೂಕುಗಳ ಚಿಂತೆ ನಮಗ್ಯಾಕೆ ಅನ್ನಬೇಡಿ. ಬೀಳಗಿಯಿಂದ, ರಬಕವಿ–ಬನಹಟ್ಟಿಯಿಂದ ರಾತ್ರಿ ಬಸ್ಸು ಹತ್ತಿದ ಹದಿನಾರರ ಮಕ್ಕಳು ಇಳಿಯುವುದು ನಮ್ಮ ಊರಲ್ಲೇ. ಜೋಳದ ರೊಟ್ಟಿ ತಿಂದು ಬೆಳೆದವರು ಜೂನ್ ತಿಂಗಳ ಜಡಿಮಳೆಯಲ್ಲಿ ಹಾಸ್ಟೆಲಿನ ಕುಚ್ಚಲಕ್ಕಿ ಅನ್ನದ ಮುಂದೆ ಕೂತಿರುತ್ತಾರೆ. ಅವರ ಪಿಜಿ ನಡೆಸುವವರು, ಅವರಿಗೆ ಚಹಾ ಕೊಡುವವರು, ಮೊಬೈಲ್ ರೀಚಾರ್ಜ್ ಮಾಡುವವರು ನಮ್ಮವರೇ. ಅಷ್ಟಕ್ಕೂ, ಗಲ್ಫಿನಲ್ಲಿ ದುಡಿಯುವ ಬ್ಯಾರಿ ತಂದೆಗೂ ಮುಧೋಳದ ಕಬ್ಬಿನ ಗದ್ದೆಯ ತಂದೆಗೂ ಈ ವಿಷಯದಲ್ಲಿ ಭಾಷೆ ಬೇರೆ ಬಿಟ್ಟರೆ ಬೇರೇನೂ ವ್ಯತ್ಯಾಸ ಕಾಣುವುದಿಲ್ಲ.

ಮದ್ರಸದಲ್ಲಿ ಕಲಿಸುವ ನಮ್ಮಂಥವರ ಬಳಿ ತಂದೆಯಂದಿರು ಫೀಸಿನ ಲೆಕ್ಕ ಕೇಳಲು ಬರುವುದಿಲ್ಲ, ದುಆ ಕೇಳಲು ಬರುತ್ತಾರೆ. "ಹಜರತ್, ನಮ್ಮ ಹುಡುಗಗ ಎಂಬಿಬಿಎಸ್ ಸೀಟ್ ಸಿಗಲೆಂತ ದುವಾ ಮಾಡ್ರಿ" ಅಂತಾರೆ. ಹುಡುಗನಿಗೆ ಏನು ಇಷ್ಟ ಅಂತ ಕೇಳಿದರೆ, "ಅವಂಗೇನ್ ತಿಳಿತೈತ್ರಿ, ಇನ್ನಾ ಸಣ್ಣಾವ" ಅನ್ನುತ್ತಾರೆ. ಇಷ್ಟ ಏನೆಂದು ಹೇಳಲು ಸಣ್ಣವನಾದವನು ಮನೆಯವರೆಲ್ಲರ ಆಸೆ ಹೊತ್ತು ಐದುನೂರು ಕಿಲೋಮೀಟರ್ ಆಚೆ ಒಬ್ಬನೇ ಇರುವಷ್ಟು ದೊಡ್ಡವನು ಯಾವಾಗ ಆದ? ದುಆ ಮಾಡುತ್ತೇವೆ, ಅದರಲ್ಲಿ ಲೋಭವಿಲ್ಲ. ಆದರೆ ದುಆ ಕೇಳುವ ಮೊದಲು ಕೂತು ಹಾಕಬೇಕಾದ ಲೆಕ್ಕವೊಂದಿದೆ.

2025ರ ಮೇ 4ರಂದು ನಡೆದ ನೀಟ್ ಪರೀಕ್ಷೆ ಬರೆದವರು 22 ಲಕ್ಷಕ್ಕೂ ಹೆಚ್ಚು ಮಕ್ಕಳು. ಅರ್ಹರಾದವರು 12 ಲಕ್ಷಕ್ಕೂ ಹೆಚ್ಚು. ಇಡೀ ದೇಶದ ಎಂಬಿಬಿಎಸ್ ಸೀಟು ಸುಮಾರು 1.2 ಲಕ್ಷ, ಅದರಲ್ಲಿ ಹೆಚ್ಚುಕಡಿಮೆ ಅರ್ಧ ಖಾಸಗಿಯವರದು. ಅಂದರೆ ಅರ್ಹರಾದ ಹತ್ತು ಮಕ್ಕಳಲ್ಲಿ ಒಂಬತ್ತು ಮಂದಿಗೆ ಸೀಟೇ ಇಲ್ಲ. ಆ ವರ್ಷ ಸಾಮಾನ್ಯ ವರ್ಗಕ್ಕೆ ಅರ್ಹತೆಯ ಗೆರೆ ಇದ್ದದ್ದು 720ಕ್ಕೆ 144 ಅಂಕ. ನೂರಕ್ಕೆ ಇಪ್ಪತ್ತು! ಕರ್ನಾಟಕದಲ್ಲಿ ಸರಕಾರಿ ಸೀಟು ಬೇಕಾದರೆ ಅದರ ಮೂರು ಪಟ್ಟಿಗೂ ಮೇಲೆ ಬರಬೇಕು. ಇದು ಗೊತ್ತಿಲ್ಲದೆ ಊರಲ್ಲಿ "ನೀಟ್ ಪಾಸಾದ ನಮ್ಮ ಹೆಮ್ಮೆಯ ಕುವರ" ಅಂತ ಬ್ಯಾನರ್ ಕಟ್ಟುತ್ತಾರೆ. ಎರಡು ತಿಂಗಳ ಮೇಲೆ ಸೀಟು ಬರದಾಗ ಅದೇ ಬ್ಯಾನರಿನ ಕೆಳಗೆ ಹುಡುಗ ತಲೆ ತಗ್ಗಿಸಿ ನಡೆಯಬೇಕು. ಅವನು ತಪ್ಪು ಮಾಡಿಲ್ಲ. ಬ್ಯಾನರ್ ಕಟ್ಟಿದವರು ಅರ್ಹತೆಗೂ ಸೀಟಿಗೂ ಇರುವ ಅಂತರ ತಿಳಿದುಕೊಂಡಿರಲಿಲ್ಲ.

ಕರಾವಳಿಗೆ ಕಳಿಸಿದರೆ ಎಲ್ಲಾ ಸರಿಹೋಗುತ್ತದೆ ಅನ್ನುವ ನಂಬಿಕೆಗೆ ಕಾರಣವೂ ಅಂಕಿಗಳೇ. 2025ರ ದ್ವಿತೀಯ ಪಿಯುಸಿ ಮೊದಲ ಪರೀಕ್ಷೆಯಲ್ಲಿ ರಾಜ್ಯದ ಫಲಿತಾಂಶ ಶೇ. 73.45 ಇದ್ದಾಗ ಉಡುಪಿ ಶೇ. 93.90, ದಕ್ಷಿಣ ಕನ್ನಡ ಶೇ. 93.57. ನಿಜ, ಇದು ದೊಡ್ಡ ಸಾಧನೆ. ಆದರೆ ಕರಾವಳಿಯ ದೊಡ್ಡ ಕಾಲೇಜುಗಳಿಗೆ ಬರುವವರು ರಾಜ್ಯದ ಎಲ್ಲ ಕಡೆಯಿಂದ ಸೋಸಿ ತೆಗೆದ ಮಕ್ಕಳು. ಬಂಗಾರವನ್ನೇ ಆರಿಸಿ ತಂದ ಮೇಲೆ ಹೊಳಪು ಬರುವುದರಲ್ಲಿ ಕಡಲ ಗಾಳಿಯ ಪಾಲೆಷ್ಟು? ಅಲ್ಲದೆ ಪಿಯು ಪಾಸಾಗುವುದು ಒಂದು, ನೀಟ್ ಇನ್ನೊಂದು.

ಎಸೆಸೆಲ್ಸಿ ಅಂಕ ನೋಡಿ ಅಂದಾಜು ಮಾಡುವವರಿಗೂ ಒಂದು ಮಾತು. ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದದ್ದು 2024ರಲ್ಲಿ. 2023ರಲ್ಲಿ ಶೇ. 83.89 ಇದ್ದ ರಾಜ್ಯದ ಫಲಿತಾಂಶ 2024ರಲ್ಲಿ ಕೃಪಾಂಕ ಹೆಚ್ಚಿಸಿಯೂ ಶೇ. 73.40ಕ್ಕೆ ಇಳಿಯಿತು, 2025ರ ಮೊದಲ ಪರೀಕ್ಷೆಯಲ್ಲಿ ಶೇ. 66.14 ಆಯಿತು. ಹಳೆಯ ಅಂಕಪಟ್ಟಿಗಳ ಭಾರ ಎಷ್ಟಿತ್ತು ಅನ್ನುವುದು ಇದರಲ್ಲೇ ಗೊತ್ತಾಗುತ್ತದೆ. ಅದರ ಮೇಲೆ ಇಲ್ಲಿಯ ನಮ್ಮ ಮಕ್ಕಳು ಹತ್ತನೇವರೆಗೆ ಕನ್ನಡದಲ್ಲೋ ಉರ್ದುವಿನಲ್ಲೋ ವಿಜ್ಞಾನ ಓದಿ ಒಮ್ಮೆಲೇ ಇಂಗ್ಲಿಷಿಗೆ ಬೀಳುತ್ತಾರೆ. ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಉರ್ದುವಿನಲ್ಲೂ ಸಿಗುತ್ತದೆ. ಪಿಯು ವಿಜ್ಞಾನದ ಪಾಠ ನಡೆಯುವುದು ಇಂಗ್ಲಿಷಿನಲ್ಲೇ. ಮೊದಲ ಆರು ತಿಂಗಳು ಮಗು ಓದುವುದು ಭೌತಶಾಸ್ತ್ರವನ್ನಲ್ಲ, ಭಾಷೆಯನ್ನು. ಮೊದಲ ಟೆಸ್ಟಿನಲ್ಲಿ ಅಂಕ ಕಡಿಮೆ ಬಂತು ಅಂತ ಫೋನಿನಲ್ಲಿ ಗದರಿಸುವ ಅಪ್ಪನಿಗೆ ಇದನ್ನು ಯಾರೂ ಹೇಳಿರುವುದಿಲ್ಲ.

ಇನ್ನು ಮೀಸಲಾತಿಯ ಮಾತು. ರಾಯಚೂರಿನಲ್ಲೋ ಕೊಪ್ಪಳದಲ್ಲೋ ಸಂಬಂಧಿಕರ ಮಗನಿಗೆ ಸೀಟು ಸಿಕ್ಕಿತು, ನಮಗೂ ಸಿಗುತ್ತದೆ ಅಂದುಕೊಳ್ಳುವವರಿದ್ದಾರೆ. ಅಲ್ಲಿಯವರಿಗೆ 371ಜೆ ಇದೆ. ಬಾಗಲಕೋಟೆ ಬೆಳಗಾವಿ ವಿಭಾಗದ ಜಿಲ್ಲೆ, ಆ ಸೌಲಭ್ಯ ಇಲ್ಲಿಗಿಲ್ಲ. 2ಬಿ ಮೀಸಲು ಶೇ. 4. ಅದನ್ನು 2023ರ ಮಾರ್ಚ್‌ನಲ್ಲಿ ಆಗಿನ ಸರಕಾರ ತೆಗೆದುಹಾಕಲು ಹೊರಟಿತ್ತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ ಹಳೆಯ ವ್ಯವಸ್ಥೆಯೇ ಮುಂದುವರಿದಿದೆ. ಇದ್ದರೂ ಶೇ. 4 ಅಂದರೆ ನೂರು ಸೀಟಿಗೆ ನಾಲ್ಕು, ಆ ನಾಲ್ಕಕ್ಕೆ ಬೀದರಿನಿಂದ ಮಂಗಳೂರಿನವರೆಗಿನ ನಮ್ಮ ಮಕ್ಕಳೆಲ್ಲ ಸಾಲಿನಲ್ಲಿದ್ದಾರೆ. ನದಾಫ, ಪಿಂಜಾರ ಮನೆತನದವರು ಪ್ರವರ್ಗ 1ರಲ್ಲಿ ಬರುತ್ತಾರೆ ಅನ್ನುವುದು ಆ ಮನೆತನಗಳಲ್ಲೇ ಎಷ್ಟೋ ಮಂದಿಗೆ ಗೊತ್ತಿಲ್ಲ. ಗ್ರಾಮೀಣ ಮೀಸಲು, ಕನ್ನಡ ಮಾಧ್ಯಮದ ಮೀಸಲು ಬೇಕಾದರೆ ಒಂದರಿಂದ ಹತ್ತರವರೆಗಿನ ವ್ಯಾಸಂಗ ಪತ್ರಕ್ಕೆ ಬಿಇಒ ಸಹಿ ಬೇಕು. ಲಕ್ಷಗಟ್ಟಲೆ ಫೀಸು ತುಂಬಿದವರು ಈ ಒಂದು ಕಾಗದ ಇಲ್ಲದೆ ಸೀಟು ಕಳೆದುಕೊಳ್ಳಬಾರದು.

ಆಸೆ ಯಾಕೆ ಇಷ್ಟು ಬಿಗಿಯಾಗಿದೆ ಅಂತಲೂ ನೋಡಬೇಕು. ಬರೀ ಪ್ರತಿಷ್ಠೆ ಅಂತ ತಳ್ಳಿಹಾಕುವುದು ಅನ್ಯಾಯ. ರಬಕವಿ–ಬನಹಟ್ಟಿಯಲ್ಲಿ ಮಗ್ಗದ ಸದ್ದಿನೊಳಗೆ ಬೆಳೆದ ಅಪ್ಪನಿಗೆ ಆ ಸದ್ದು ಮಗನ ಕಿವಿಗೆ ಬೇಡ. ಪವರ್‌ಲೂಮಿನ ಕೂಲಿಯಿಂದ ಮನೆ ನಡೆಯುವುದು ಎಷ್ಟು ಕಷ್ಟ ಅಂತ ಅವನಿಗೆ ಗೊತ್ತು. ಕಬ್ಬಿನವರ ಪಾಡೂ ಹಾಗೇ. 2025ರ ನವೆಂಬರ್‌ನಲ್ಲಿ ಟನ್ನಿಗೆ 3,500 ರೂ. ಕೇಳಿ ರೈತರು ಬೀದಿಗಿಳಿದರು. ಸರಕಾರ 3,300 ಅಂದಿತು, ಮುಧೋಳದ ಕಡೆಯವರು ಒಪ್ಪಲಿಲ್ಲ, ಸಮೀರವಾಡಿಯಲ್ಲಿ ಕಬ್ಬು ತುಂಬಿದ ಟ್ರಾಲಿಗಳಿಗೆ ಬೆಂಕಿ ಬಿತ್ತು. ಇಂಥದ್ದನ್ನೆಲ್ಲ ಕಂಡವರು ಬಿಳಿ ಕೋಟನ್ನು ಬಿಡುಗಡೆ ಅಂತ ನೋಡುವುದು ಸಹಜ.

ಬೀಳಗಿ, ಜಮಖಂಡಿ ಕಡೆ ಇನ್ನೊಂದು ವಿಷಯ ಸೇರಿಕೊಂಡಿದೆ. ಆಲಮಟ್ಟಿ ಎತ್ತರ ಹೆಚ್ಚಿಸುವ ಕೃಷ್ಣಾ ಮೇಲ್ದಂಡೆ ಮೂರನೇ ಹಂತಕ್ಕಾಗಿ ಮುಳುಗುವ ಜಮೀನಿಗೆ ರಾಜ್ಯ ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ ಪರಿಹಾರ ಗೊತ್ತುಮಾಡಿತು. ನೀರಾವರಿ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂ. ಖಾಸಗಿ ಮೆಡಿಕಲ್ ಕಾಲೇಜಿನ ಖಾಸಗಿ ಕೋಟಾ ಸೀಟಿಗೆ ವರ್ಷದ ಫೀಸು ಹತ್ತು ಲಕ್ಷ ದಾಟಿದೆ, ಹಾಸ್ಟೆಲು, ಪುಸ್ತಕ ಸೇರಿಸಿದರೆ ಕೋರ್ಸು ಮುಗಿಯುವುದರೊಳಗೆ ಅರ್ಧ ಕೋಟಿ ಮೀರುತ್ತದೆ. ಒಣಭೂಮಿಯ ಲೆಕ್ಕದಲ್ಲಿ ಹೇಳುವುದಾದರೆ ಎರಡು ಎಕರೆ. ಪರಿಹಾರದ ಹಣದ ಹಿಂದೆಯೇ ಸೀಟು ಕೊಡಿಸುವ ಏಜೆಂಟರು ಬರುತ್ತಾರೆ ಅಂತ ಹೇಳಲು ಜ್ಯೋತಿಷ್ಯ ಬೇಕಿಲ್ಲ. ಅವರ ಕೈಯಲ್ಲಿ ಕಿರ್ಗಿಸ್ತಾನದ, ರಷ್ಯಾದ ಬಣ್ಣದ ಪುಸ್ತಕಗಳೂ ಇರುತ್ತವೆ. ಹೊರದೇಶದಲ್ಲಿ ಓದಿ ಬಂದವರು ಇಲ್ಲಿ ಡಾಕ್ಟರಿಕೆ ಮಾಡಬೇಕಾದರೆ ಬರೆಯುವ ಪರೀಕ್ಷೆಯಲ್ಲಿ 2025ರ ಜೂನ್ ಸರದಿಯಲ್ಲಿ ಪಾಸಾದವರು ಐದರಲ್ಲಿ ಒಬ್ಬರೂ ಇಲ್ಲ. ಇದು ಆ ಪುಸ್ತಕಗಳಲ್ಲಿ ಇರುವುದಿಲ್ಲ. ಜಮೀನು ಮುಳುಗಿದ ಮನೆಯ ಉಳಿದ ಒಂದೇ ಗಂಟು ಅದು. ಮಗ ಅದನ್ನು ಹೆಗಲ ಮೇಲೆ ಹೊತ್ತು ಪರೀಕ್ಷೆಗೆ ಕೂರಬೇಕು.

ಈ ಭಾರ ಎಲ್ಲಿಗೆ ಮುಟ್ಟುತ್ತದೆ ಅನ್ನುವುದನ್ನು 2025ರ ಜೂನ್‌ನಲ್ಲಿ ಪಕ್ಕದ ಸಾಂಗ್ಲಿ ಜಿಲ್ಲೆಯಲ್ಲಿ ಕಂಡೆವು. ದವಾಖಾನೆಗೆಂದು ನಮ್ಮ ಜಮಖಂಡಿಯವರು ಹೋಗುವ ಮಿರಜ್ ಇರುವ ಜಿಲ್ಲೆ ಅದು. ನೀಟ್‌ನ ಅಣಕು ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂತು ಅಂತ ತಂದೆ ಹೊಡೆದ ಹೊಡೆತಕ್ಕೆ ಹದಿಹರೆಯದ ಮಗಳು ಸತ್ತಳು. ತಂದೆ ಅನಕ್ಷರಸ್ಥನಲ್ಲ, ಶಿಕ್ಷಕ. ಮಗಳು ದಡ್ಡಿಯಲ್ಲ, ಹತ್ತನೆಯಲ್ಲಿ ತೊಂಬತ್ತರ ಮೇಲೆ ಅಂಕ ಪಡೆದವಳು. ಅಣಕು ಪರೀಕ್ಷೆ ಅಂದರೆ ನಿಜವಾದ ಪರೀಕ್ಷೆಯೂ ಅಲ್ಲ! ಕೈ ಎತ್ತದ ಮನೆಗಳಲ್ಲಿ ಮಾತು ಹೊಡೆಯುತ್ತದೆ. "ನಿನ್ನ ಸಲುವಾಗಿ ಹೊಲಾ ಮಾರೇವಿ" ಅನ್ನುವ ಒಂದು ಮಾತು ಸಾಕು. 2022ರ ಒಂದೇ ವರ್ಷದಲ್ಲಿ ದೇಶದಲ್ಲಿ ಜೀವ ಕಳೆದುಕೊಂಡ ವಿದ್ಯಾರ್ಥಿಗಳು 13 ಸಾವಿರಕ್ಕೂ ಹೆಚ್ಚು ಅಂತ ಸರಕಾರದ ಅಪರಾಧ ದಾಖಲೆಯೇ ಹೇಳುತ್ತದೆ.

2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಈ ಬಗ್ಗೆ ದೇಶಕ್ಕೆಲ್ಲ ಅನ್ವಯಿಸುವ ಸೂಚನೆ ಕೊಟ್ಟಿದೆ. ಅಂಕ ನೋಡಿ ಮಕ್ಕಳನ್ನು ಬೇರೆ ಬೇರೆ ಬ್ಯಾಚ್ ಮಾಡಬಾರದು, ಎಲ್ಲರೆದುರು ಅವಮಾನ ಮಾಡಬಾರದು, ನೂರು ಮಕ್ಕಳಿದ್ದಲ್ಲಿ ತರಬೇತಾದ ಆಪ್ತಸಮಾಲೋಚಕರು ಇರಬೇಕು. ಹದಿನಾರು ತುಂಬದವರನ್ನು ಕೋಚಿಂಗಿಗೆ ಸೇರಿಸಬಾರದು ಅಂತ 2024ರ ಜನವರಿಯಲ್ಲೇ ಕೇಂದ್ರ ಹೇಳಿತ್ತು. ಪಿಯು ಕಾಲೇಜಿನೊಳಗೇ ಕೋಚಿಂಗ್ ಬೆರೆತಿರುವ ಕಡೆ ಇದನ್ನು ನೆನಪಿಸುವವರೇ ಕಡಿಮೆ. ಫೀಸು ಕಟ್ಟುವ ತಂದೆ ಕೇಳಬೇಕು: ನಿಮ್ಮಲ್ಲಿ ಸಮಾಲೋಚಕರು ಯಾರು? ಕಳೆದ ವರ್ಷ ಎಷ್ಟು ಮಕ್ಕಳು ನೀಟ್ ಬರೆದರು, ಅದರಲ್ಲಿ ಸರಕಾರಿ ಸೀಟು ಎಷ್ಟು ಮಂದಿಗೆ? ನಡುವೆ ಬಿಟ್ಟುಹೋದರೆ ಫೀಸು ವಾಪಸ್ ಎಷ್ಟು? ಈ ಮೂರು ಕೇಳಿದವರಿಗೆ ಮುಖ ಸಿಂಡರಿಸುವ ಕಾಲೇಜಿನಿಂದ ದೂರ ಇರುವುದೇ ಲೇಸು ಅಂತ ನಮ್ಮ ಅಭಿಪ್ರಾಯ.

ಹೆಣ್ಣುಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ಅಣ್ಣನಿಗೆ ಎರಡು ಸಲ ನೀಟ್ ಬರೆಯುವ ಅವಕಾಶವಿದ್ದರೆ ತಂಗಿಗೆ ಒಂದೇ. ಸೀಟು ಬಂದರೆ ಓದು, ಬರದಿದ್ದರೆ ಮದುವೆ. ಎಂಬಿಬಿಎಸ್ ಇಲ್ಲದಿದ್ದರೆ ಓದೇ ಬೇಡ ಅನ್ನುವ ಈ ಕಟ್ಟಳೆಯಲ್ಲಿ ನರ್ಸಿಂಗ್, ಫಾರ್ಮಸಿ, ಬಿಎಸ್ಸಿ, ಬಿಎಡ್ ಎಲ್ಲ ಮುಚ್ಚಿಹೋಗುತ್ತವೆ. ಮಗಳು ಹೆದರಿ ಬರೆಯುವುದು ಪರೀಕ್ಷೆಯ ಪ್ರಶ್ನೆಗಳಿಗಲ್ಲ, ಆ ಕಟ್ಟಳೆಗೆ.

ಹತ್ತಿರದಲ್ಲೇ ಇರುವುದು ನಮಗೆ ಕಾಣುವುದಿಲ್ಲ ಅನ್ನುವುದಕ್ಕೆ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯವೇ ಸಾಕ್ಷಿ. 2008ರಲ್ಲಿ ಆದದ್ದು. ದಾಳಿಂಬೆ, ದ್ರಾಕ್ಷಿ, ಅರಿಶಿನ ಬೆಳೆಯುವ ನೆಲದ ನಡುವೆ ಇದೆ, ಹಣ್ಣಿನ ವ್ಯಾಪಾರ ತಲೆತಲಾಂತರದಿಂದ ಮಾಡಿಕೊಂಡು ಬಂದ ಬಾಗವಾನ ಮನೆಗಳು ಅದರ ಸುತ್ತ ಇವೆ. ಸಿಇಟಿ ಮೂಲಕ ಪ್ರವೇಶ, ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಮೀಸಲು. ಧಾರವಾಡದಲ್ಲಿ ಕೃಷಿ ವಿವಿ ಇದೆ, ಗದಗದಲ್ಲಿ ಕೈಮಗ್ಗ ತಂತ್ರಜ್ಞಾನ ಕಲಿಸುವ ಸಂಸ್ಥೆ ಇದೆ. ಇವನ್ನು ಸೀಟು ಸಿಗದವರಿಗೆ ಸಮಾಧಾನದ ಬಹುಮಾನ ಅಂತ ಹೇಳುತ್ತಿಲ್ಲ. ಹತ್ತನೇ ಮುಗಿದ ದಿನವೇ ಎಂಬಿಬಿಎಸ್ ಬರೆದ ಹಾಳೆಯಲ್ಲೇ ಇವನ್ನೂ ಬರೆಯಬೇಕು ಅನ್ನುತ್ತಿದ್ದೇವೆ.

ಮಕ್ಕಳಿಗೂ ಎರಡು ಮಾತು. ಅಪ್ಪನೊಡನೆ ನೇರ ಹೇಳಲು ಧೈರ್ಯ ಇಲ್ಲದಿದ್ದರೆ ಅಪ್ಪ ಯಾರ ಮಾತಿಗೆ ಬೆಲೆ ಕೊಡುತ್ತಾರೋ ಅವರನ್ನು ಹಿಡಿಯಿರಿ. ಕಾಕಾ, ಮಾಮಾ, ಶಾಲೆಯ ಸರ್, ಮಸೀದಿಯ ಹಜರತ್, ಯಾರೂ ಆಗಬಹುದು. ಸಿಟ್ಟಿನ ಹೊತ್ತಲ್ಲಿ ಬೇಡ, ಕೈಯಲ್ಲಿ ಅಂಕಪಟ್ಟಿ ಹಿಡಿದು ಹೇಳಿ. ಅಣಕು ಪರೀಕ್ಷೆಯ ಅಂಕ ಮುಚ್ಚಿಡಬೇಡಿ, ಸುಳ್ಳು ಅಂಕ ಹೇಳಿದ ಮೇಲೆ ಪ್ರತಿ ಭಾನುವಾರದ ಫೋನ್ ಕರೆಯೂ ಹೆದರಿಕೆಯಾಗುತ್ತದೆ. ಪಿಯುಸಿಗೆ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ, ನೀಟ್‌ಗೆ ಗರಿಷ್ಠ ವಯಸ್ಸಿನ ಮಿತಿ 2022ರಲ್ಲೇ ಹೋಗಿದೆ. ಒಂದು ವರ್ಷ ಹೋದರೆ ಬದುಕು ಹೋಗುವುದಿಲ್ಲ. ಮನಸ್ಸು ತೀರ ಕುಸಿದರೆ 14416ಕ್ಕೆ ಕರೆ ಮಾಡಿ, ಸರಕಾರದ ಟೆಲಿ ಮಾನಸ್ ಅದು, ದಿನದ ಇಪ್ಪತ್ನಾಲ್ಕು ಗಂಟೆಯೂ ಕನ್ನಡದಲ್ಲಿ ಮಾತಾಡುತ್ತಾರೆ. ಕರಾವಳಿಯ ನಮ್ಮ ಪಿಜಿ ಮಾಲಕರು ಈ ನಂಬರನ್ನು ಬಾಗಿಲ ಹಿಂದೆ ಅಂಟಿಸಿಟ್ಟರೆ ಖರ್ಚೇನೂ ಇಲ್ಲ. ಊಟ ಬಿಟ್ಟು ಕೋಣೆಯಲ್ಲೇ ಕೂತ ಮಗುವನ್ನು ಮೊದಲು ಕಾಣುವವರೂ ನೀವೇ.

ದುಡ್ಡಿನ ವಿಷಯದಲ್ಲಿ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲ ಇದೆ. ಸಿಇಟಿ, ನೀಟ್ ಮೂಲಕ ಸೀಟು ಸಿಕ್ಕವರಿಗೆ ಅದು, ಏಜೆಂಟರ ಮೂಲಕ ಹೋದವರಿಗಲ್ಲ. ಯಾವ ಕಾಲೇಜಿನಲ್ಲಿ, ಯಾವ ವರ್ಗಕ್ಕೆ, ಎಷ್ಟನೇ ರ‍್ಯಾಂಕಿಗೆ ಸೀಟು ನಿಂತಿತು ಅನ್ನುವ ಕಳೆದ ಸಾಲಿನ ಪಟ್ಟಿಯನ್ನು ಪರೀಕ್ಷಾ ಪ್ರಾಧಿಕಾರ ತನ್ನ ಜಾಲತಾಣದಲ್ಲಿ ಪುಕ್ಕಟೆ ಹಾಕಿರುತ್ತದೆ. ಮುಂಗಡ ಕಟ್ಟುವ ಮೊದಲು ಅದರಲ್ಲಿ 2ಬಿ ಸಾಲಿನ ಪುಟಗಳನ್ನಷ್ಟು ತೆಗೆಸಿ, ಮಗುವನ್ನೂ ಅದರ ತಾಯಿಯನ್ನೂ ಕೂರಿಸಿಕೊಂಡು ಓದಿ. ಜಮಖಂಡಿಯ ಯಾವ ಝೆರಾಕ್ಸ್ ಅಂಗಡಿಯಲ್ಲೂ ಅಷ್ಟು ಪುಟಕ್ಕೆ ಒಂದು ಚಹಾ–ನಾಷ್ಟಾದ ದುಡ್ಡೂ ಆಗುವುದಿಲ್ಲ.