ಮುಪ್ಪನ್ನು ಮಾರುವ ಪೆಟ್ಟಿಗೆ

ಮಾರುವವನು ತನ್ನ ಸರಕು ಹೊಚ್ಚಹೊಸದೆಂದು ಹೊಗಳುವನು. ಕೊಳ್ಳುವವನು ಅದರಲ್ಲಿ ಬಿರುಕಿದೆಯೇ ಎಂದು ಬೆರಳಿನಿಂದ ತಟ್ಟಿ ನೋಡುವನು. ಮಡಕೆಯಿಂದ ಮೊದಲಾಗಿ ಮದ್ದಳೆಯವರೆಗೆ ಲೋಕದ ವ್ಯಾಪಾರವು ಈ ಕ್ರಮದಲ್ಲಿಯೇ ನಡೆದುಬಂದಿದೆ. ಆದರೆ ಈಚೆಗೆ ವಾದ್ಯಗಳ ಅಂಗಡಿಗಳಲ್ಲಿ ಇದಕ್ಕೆ ವಿಪರೀತವಾದ ಒಂದು ಸರಕು ಕಾಣಿಸಿಕೊಂಡಿದೆ. ಅದು ಹೊಸ ನಾದವನ್ನು ಹಳತುಮಾಡುವುದು. ಬಿರುಕಿಲ್ಲದ ಧ್ವನಿಗೆ ಬಿರುಕನ್ನು ದಯಪಾಲಿಸುವುದು. ಆ ಉಪಕಾರಕ್ಕಾಗಿಯೇ ಬೆಲೆಯನ್ನೂ ಕೇಳುವುದು. ಲೋ-ಫೈ ಟೇಪ್ ಪೆಡಲ್ ಎಂದು ಇದರ ಹೆಸರು. ನಮ್ಮ ಚೋರನೂರು ಹೋಬಳಿಯ ಗೃಹಸ್ಥರೊಬ್ಬರು, ಗಿಟಾರು ನುಡಿಸುವ ತಮ್ಮ ಮಗನು ಇದಕ್ಕಾಗಿ ಹಟಹಿಡಿದಿರುವನೆಂದೂ, ಕೊಡಿಸುವುದು ಯುಕ್ತವೋ ಅಲ್ಲವೋ ತಿಳಿಸಬೇಕೆಂದೂ ಕೇಳಿರುವರು. ಪ್ರಶ್ನೆಯು ಒಬ್ಬರದಾದರೂ ಹಾಡುಬಜಾವಣೆಯ ಹವ್ಯಾಸವುಳ್ಳ ಮಕ್ಕಳಿರುವ ಮನೆಗಳಿಗೆಲ್ಲ ಇದು ಸಲ್ಲುವುದಾದ್ದರಿಂದ ಈ ತಿಂಗಳು ಇದನ್ನೇ ವಿಚಾರಿಸೋಣ.

ಮೊದಲು ಟೇಪಿನ ಸ್ವರೂಪವನ್ನು ಅರಿಯತಕ್ಕದ್ದು. ತೆಳುವಾದ ಪ್ಲಾಸ್ಟಿಕ್ಕಿನ ಪಟ್ಟಿಯ ಮೇಲೆ ಕಬ್ಬಿಣದ ಆಕ್ಸೈಡಿನ ನುಣುಪಾದ ಪುಡಿಯನ್ನು ಅಂಟಿನೊಡನೆ ಬಳಿದರೆ ಅದೇ ಧ್ವನಿಯನ್ನು ಹಿಡಿಯುವ ಟೇಪು. ಸಂಡೂರಿನ ಗುಡ್ಡಗಳನ್ನು ಕೆಂಪಾಗಿಸಿರುವ ಅದಿರೂ ಕಬ್ಬಿಣದ ಆಕ್ಸೈಡೇ ಆಗಿದೆ. ಕಣಗಳ ಒಳಜೋಡಣೆ ಮಾತ್ರ ಬೇರೆ. ಹಾಗೆ ನೋಡಿದರೆ ನಮ್ಮ ಸೀಮೆಯ ಕೆಂಪು ಧೂಳಿಗೂ ಹಳೆಯ ಧ್ವನಿಸುರುಳಿಗೂ ದಾಯಾದಿ ಸಂಬಂಧವುಂಟು. ಫಿಲಿಪ್ಸ್ ಕಂಪನಿಯು ೧೯೬೩ರಲ್ಲಿ ಹೊರತಂದ ಕ್ಯಾಸೆಟ್ಟಿನಲ್ಲಿ ಈ ಪಟ್ಟಿಯ ಅಗಲವು ನಾಲ್ಕು ಮಿಲಿಮೀಟರಿಗೂ ಕಡಮೆ. ಅದು ಸೆಕೆಂಡಿಗೆ ಸುಮಾರು ೪.೭೬ ಸೆಂಟಿಮೀಟರು ಓಡುವುದು. ನಿಸಾರ್ ಅಹಮದರ ಕವಿತೆಗಳು ಮೈಸೂರು ಅನಂತಸ್ವಾಮಿಯವರ ಸಂಗೀತದೊಡನೆ ೧೯೭೮ರಲ್ಲಿ 'ನಿತ್ಯೋತ್ಸವ'ವೆಂಬ ಧ್ವನಿಸುರುಳಿಯಾಗಿ ಕನ್ನಡಿಗರ ಮನೆಗಳನ್ನು ಸೇರಿದ್ದು ಈ ಕಿರಿದಾದ ಪಟ್ಟಿಯ ಮೂಲಕವೇ.

ಇಷ್ಟು ಕಿರಿದಾದ, ಇಷ್ಟು ನಿಧಾನವಾದ ಪಟ್ಟಿಗೆ ದೋಷಗಳು ಸಹಜ. ಗಾಲಿಗಳು ಸಮನಾಗಿ ತಿರುಗದಿದ್ದರೆ ಸ್ವರವು ತೊಟ್ಟಿಲಿನಂತೆ ಮೆಲ್ಲಗೆ ತೂಗುವುದು. ಇದನ್ನು ವಾವ್ ಎನ್ನುವರು. ಅದೇ ಅಲುಗಾಟವು ಬೇಗಬೇಗನೆ ಆದರೆ ಫ್ಲಟರ್ ಎನಿಸುವುದು. ವೇಗವು ನೂರಕ್ಕೆ ಆರರಷ್ಟು ಹೆಚ್ಚಿದರೆ ಸಾಕು, ಷಡ್ಜವು ಹಾರ್ಮೋನಿಯಂನ ಮುಂದಿನ ಮನೆಗೆ ಏರಿಬಿಡುವುದು. ಪುಡಿಯ ಕಣಗಳಿಂದ ಸದಾ ಒಂದು ಸುಯ್ಯೆಂಬ ಸದ್ದು ಏಳುವುದು. ಅಳತೆಗೆ ಮೀರಿ ಗಟ್ಟಿಯಾಗಿ ಹಾಡಿದರೆ ಪಟ್ಟಿಯು ತಾಳಲಾರದೆ ಧ್ವನಿಯ ಏಣುಗಳನ್ನು ಸವೆಯಿಸಿ ದುಂಡಗೆ ಮಾಡುವುದು. ಪುಡಿಯುದುರಿದಲ್ಲಿ ನಾದವೇ ಮಾಯವಾಗುವುದು. ಒಂದರಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ನಕಲು ಮಾಡುತ್ತ ಹೋದರೆ ಈ ದೋಷಗಳೆಲ್ಲ ತಲೆಮಾರಿನಿಂದ ತಲೆಮಾರಿಗೆ ಸಾಲದಂತೆ ಬೆಳೆಯುವುವು.

ಈ ದೋಷಗಳನ್ನು ನೀಗಿಸಲು ಎಂಜಿನಿಯರರು ದಶಕಗಳ ಕಾಲ ಹೆಣಗಿದರು. ಕಂಪ್ಯೂಟರಿನ ಧ್ವನಿಮುದ್ರಣವು ಬಂದು ಅವು ನೀಗಿದವು. ನೀಗಿದ ಕೂಡಲೇ ಜನರು ಅವುಗಳಿಗಾಗಿ ಹಂಬಲಿಸತೊಡಗಿದರು! ಅಮೆರಿಕದ ಸ್ಟ್ರೈಮನ್ ಕಂಪನಿಯು ೨೦೧೪ರಲ್ಲಿ ಡೆಕೊ ಎಂಬ ಪೆಡಲನ್ನು ತಂದಿತು. ಅದೇ ದೇಶದ ಚೇಸ್ ಬ್ಲಿಸ್ ಕಂಪನಿಯ ಪೆಡಲಿಗೆ ಜನರೇಷನ್ ಲಾಸ್, ಎಂದರೆ ತಲೆಮಾರಿನ ನಷ್ಟ, ಎಂದೇ ಹೆಸರು. ವಾದ್ಯಕ್ಕೂ ಧ್ವನಿವರ್ಧಕಕ್ಕೂ ನಡುವೆ ಅಂಗೈಯಗಲದ ಈ ಪೆಟ್ಟಿಗೆಯನ್ನಿಟ್ಟು ಕಾಲಿನಿಂದ ಒತ್ತಿದರೆ ತೂಗಾಟ, ನಡುಕ, ಸುಯ್ಯೆನ್ನುವಿಕೆ ಎಲ್ಲವೂ ಬೇಕಾದಷ್ಟೇ ಬರುವುದು. ಇನ್ನೊಮ್ಮೆ ಒತ್ತಿದರೆ ನಿಲ್ಲುವುದು. ಒಳಗೆ ಟೇಪಿಲ್ಲ, ಟೇಪಿನ ಮುಪ್ಪನ್ನು ಅಭಿನಯಿಸುವ ಗಣಕವಿದೆ.

ಇದು ಮರುಳೆಂದು ನಗುವುದು ಸುಲಭ. ಹಂಪೆಯಲ್ಲಿ ಕೃಷ್ಣದೇವರಾಯನ ಕಾಲದಲ್ಲಿ, ೧೫೨೮ರಲ್ಲಿ, ಕಡೆಯಿಸಿದ ನರಸಿಂಹನ ಮುರಿದ ತೋಳುಗಳನ್ನು ಕಂಡು ನಮ್ಮ ಮನಸ್ಸು ಆರ್ದ್ರವಾಗುವುದೆಂದು ಹೊಸ ವಿಗ್ರಹದ ತೋಳನ್ನು ಯಾವ ಶಿಲ್ಪಿಯಾದರೂ ಮುರಿಯುವನೆ? ಮುರಿಯಲಾರನು. ಆದರೆ ಚಿತ್ರಕಾರನು ಪಾಳುಗುಡಿಯನ್ನು ಬರೆದರೆ ನಾವು ಆಕ್ಷೇಪಿಸುವುದಿಲ್ಲ. ಅವನು ಗುಡಿಯನ್ನು ಕೆಡವಲಿಲ್ಲ. ಪಾಳಿನ ಭಾವವನ್ನು ಬಣ್ಣದಲ್ಲಿ ತಂದನು. ಪೆಡಲಿನ ವಿಷಯವೂ ಹೀಗೆಯೇ. ಅದನ್ನು ಬಳಸುವವನು ಶಿಲ್ಪವನ್ನು ಮುರಿಯುತ್ತಿರುವನೋ, ಚಿತ್ರವನ್ನು ಬರೆಯುತ್ತಿರುವನೋ ಎಂಬುದೇ ವಿಚಾರಿಸಬೇಕಾದ ಅಂಶ.

ಇದನ್ನು ತೂಗಲು ಬೇಕಾದ ತಕ್ಕಡಿಯನ್ನು ನಮ್ಮ ಶಾಸ್ತ್ರಕಾರರು ಮೊದಲೇ ಸಿದ್ಧಪಡಿಸಿರುವರು. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವನು ತನ್ನ 'ಸಂಗೀತರತ್ನಾಕರ'ದಲ್ಲಿ ಹದಿನೈದು ಗಮಕಗಳನ್ನು ಹೇಳುವನು. ಅವುಗಳಲ್ಲಿ ಕಂಪಿತವು ಒಂದು. ಅದೇ ಗ್ರಂಥದಲ್ಲಿ ದೋಷವುಳ್ಳ ಗಾಯಕರನ್ನು ಇಪ್ಪತ್ತೈದು ಬಗೆಯಾಗಿ ಎಣಿಸುವನು. ಅವರಲ್ಲಿಯೂ ಕಂಪಿತನು ಒಬ್ಬನು! ಒಂದೇ ನಡುಕವು ಒಂದೆಡೆ ಭೂಷಣ, ಇನ್ನೊಂದೆಡೆ ದೂಷಣ. ಭೇದವೆಲ್ಲಿ? ಗಮಕದಲ್ಲಿ ಸ್ವರವನ್ನು ನಡುಗಿಸುವವನು ಗಾಯಕನು. ಅದು ಕೇಳುವವನ ಚಿತ್ತಕ್ಕೆ ಸುಖವನ್ನು ತರುವುದು. ದೋಷದಲ್ಲಿ ಸ್ವರವು ತಾನಾಗಿಯೇ ನಡುಗುವುದು; ಗಾಯಕನಿಗೆ ಅದರ ಮೇಲೆ ಒಡೆತನವಿಲ್ಲ. ಈ ವಿವೇಕವನ್ನು ಪೆಡಲಿಗೆ ಹಚ್ಚಿದರೆ ಉತ್ತರವು ತಾನಾಗಿ ದೊರೆಯುವುದು. ಎಲ್ಲಿ, ಎಷ್ಟು, ಏಕೆ ಎಂದು ಬಲ್ಲವನ ಕಾಲಡಿಯಲ್ಲಿ ಅದು ಗಮಕ. ತನ್ನ ಬೆರಳಿನ ತಪ್ಪನ್ನು ಮರೆಸಲು ಸದಾ ಒತ್ತಿಕೊಂಡಿರುವವನಿಗೆ ಅದು ದೋಷ.

ಇಲ್ಲಿ ನಮ್ಮ ಸಂಗೀತಕ್ಕೆ ವಿಶೇಷವಾದ ಒಂದು ಎಚ್ಚರಿಕೆಯುಂಟು. ಭಜನೆಯಲ್ಲಿಯೂ ಬಯಲಾಟದಲ್ಲಿಯೂ ಹಾರ್ಮೋನಿಯಂನ ಸ್ವರವು ಅಲುಗದೆ ನಿಂತಿರುವುದು. ಅದರ ಪಕ್ಕದಲ್ಲಿ ಗಿಟಾರಿನ ಸ್ವರವು ಯಂತ್ರದ ಇಚ್ಛೆಯಂತೆ ತೂಗಿದರೆ ಶ್ರುತಿಯು ಕಿತ್ತಾಡುವುದು, ಹಾಡುವವನು ದಾರಿತಪ್ಪುವನು. ಅಂತಹ ಮೇಳದಲ್ಲಿ ಇದನ್ನು ಒತ್ತಲೇ ಕೂಡದು. ಒಬ್ಬನೇ ಕುಳಿತು ನುಡಿಸುವಲ್ಲಿ, ಕಿರುಚಿತ್ರಕ್ಕೋ ನಾಟಕದ ಹಿಂದಿನ ನೆನಪಿನ ದೃಶ್ಯಕ್ಕೋ ಹಿನ್ನೆಲೆ ಒದಗಿಸುವಲ್ಲಿ ಅದು ಶೋಭಿಸಬಹುದು.

ಇನ್ನು ದುಡ್ಡಿನ ಮಾತು. ಜನರೇಷನ್ ಲಾಸಿನ ಎರಡನೆಯ ಆವೃತ್ತಿಯು ೨೦೨೨ರಲ್ಲಿ ಬಂದಾಗ ಅದರ ಬೆಲೆ ೩೯೯ ಡಾಲರು. ಸುಂಕವೂ ಸಾಗಣೆಯೂ ಸೇರುವ ಮೊದಲೇ ಅದು ಮೂವತ್ತು ಸಾವಿರ ರೂಪಾಯಿಗಳನ್ನು ಮೀರಿತು. ಕೆಟ್ಟರೆ ಹೋಬಳಿಯಲ್ಲಿ ದುರಸ್ತಿ ಮಾಡಿಸುವುದು ಸುಲಭವಲ್ಲ. ಆದಕಾರಣ ಮೆಟ್ಟಿಲಿನ ಮೇಲೆ ಮೆಟ್ಟಿಲಾಗಿ ನಡೆಯುವುದು ಲೇಸು. ಮನೆಯಲ್ಲಿ ಕಂಪ್ಯೂಟರಿದ್ದರೆ ಚೌ ಟೇಪ್ ಮಾಡೆಲ್ ಎಂಬ ತಂತ್ರಾಂಶವು ಉಚಿತವಾಗಿ ಸಿಕ್ಕುವುದು. ಟೇಪಿನ ಗುಣದೋಷಗಳನ್ನು ಅದು ಬಲು ಚೆನ್ನಾಗಿ ಅನುಕರಿಸುವುದು. ಎರಡನೆಯದಾಗಿ, ಅಟ್ಟದ ಮೇಲಿನ ಹಳೆಯ ಟೇಪ್ ರೆಕಾರ್ಡರು ಇನ್ನೂ ತಿರುಗುವುದಾದರೆ ಖಾಲಿ ಕ್ಯಾಸೆಟ್ಟಿನ ಮೇಲೆ ಗಿಟಾರನ್ನು ಮುದ್ರಿಸಿ ಮತ್ತೆ ಕೇಳಲಿ. ಅಭಿನಯವಲ್ಲದ ನಿಜವಾದ ಟೇಪಿನ ನಾದವೇ ಬರುವುದು. ಈ ಎರಡನ್ನೂ ಆರು ತಿಂಗಳು ಬಳಸಿ, ಅದರಿಂದ ಎರಡು ಮೂರು ಒಳ್ಳೆಯ ರಚನೆಗಳನ್ನು ಮಾಡಿ ತೋರಿಸಿ, ವೇದಿಕೆಯ ಮೇಲೆ ಕಾಲಿನಿಂದಲೇ ನಡೆಸುವ ಅಗತ್ಯವು ಅವನಿಗೆ ನಿಜವಾಗಿ ಬಂದರೆ ಆಗ ಪೆಡಲನ್ನು ಕೊಡಿಸಬಹುದು. ಹೊಸ ತಂತಿ, ಒಳ್ಳೆಯ ಗುರುವಿನ ಪಾಠ, ಇವೆರಡಕ್ಕೂ ಹಣ ಸಾಲದಿರುವಾಗ ಕೊಡಿಸುವುದು ಮಾತ್ರ ಯುಕ್ತವಲ್ಲ.

ಆದರೆ ಈ ಖರ್ಚಿಗಿಂತ ಮುಂಚೆ ಮಾಡಬೇಕಾದ ಇನ್ನೊಂದು ಕೆಲಸವಿದೆ. ಅದಕ್ಕೆ ಕಾಲವು ಕಾಯುವುದಿಲ್ಲ. ನಿಜವಾದ ಮುಪ್ಪಿನ ಟೇಪುಗಳು ನಮ್ಮ ಟ್ರಂಕುಗಳಲ್ಲಿಯೇ ಇವೆ: ಅಜ್ಜಿಯ ಸೋಬಾನೆ, ಮದುವೆಯ ಮನೆಯ ಮಾತು, ಜಾತ್ರೆಯ ರಾತ್ರಿಯ ಬಯಲಾಟ. ಓದುಬರಹವಿಲ್ಲದೆಯೂ ದೀರ್ಘಕಾವ್ಯಗಳನ್ನು ನೆನಪಿನಿಂದಲೇ ಹಾಡುತ್ತಿದ್ದ ನಮ್ಮ ತಾಲ್ಲೂಕಿನ ದರೋಜಿಯ ಬುರ್ರಕಥಾ ಈರಮ್ಮನವರು ೨೦೧೪ರಲ್ಲಿ ತೀರಿಕೊಂಡರು. ಅಂತಹವರ ಕೊರಳು ಮುದ್ರಣದಲ್ಲಿ ಮಾತ್ರ ಉಳಿಯಬಲ್ಲುದು. ಪ್ರತಿಯೊಂದು ಮನೆಯಲ್ಲಿಯೂ ಹೆಸರಾಗದ ಒಬ್ಬ ಈರಮ್ಮನವರು ಇದ್ದೇ ಇರುವರು. ಶೆಕೆ, ತೇವ, ನಮ್ಮ ಕೆಂಪು ಧೂಳು, ಇವು ಆ ಪಟ್ಟಿಯನ್ನು ದಿನದಿನವೂ ತಿನ್ನುತ್ತಿವೆ.

ಗಿಟಾರಿನ ಹುಡುಗನಿಗೆ ಈ ಕೆಲಸವನ್ನು ಒಪ್ಪಿಸಿರಿ. ಕ್ಯಾಸೆಟ್ಟಿನ ಬೆನ್ನಿನ ಮೇಲಿರುವ ಎರಡು ಸಣ್ಣ ಪ್ಲಾಸ್ಟಿಕ್ ತುಣುಕುಗಳನ್ನು ಮುರಿದರೆ ಅಕಸ್ಮಾತ್ತಾಗಿ ಅದರ ಮೇಲೆ ಬೇರೊಂದು ಮುದ್ರಣವಾಗದು. ರೆಕಾರ್ಡರಿನ ಲೋಹದ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರಸಬೇಕು. ಬಳಿಕ ತಂತಿಯಿಂದ ಕಂಪ್ಯೂಟರಿಗೆ ಜೋಡಿಸಿ, ಉಚಿತವಾದ ಆಡಾಸಿಟಿ ತಂತ್ರಾಂಶದಲ್ಲಿ ವೇವ್ ರೂಪದಲ್ಲಿ ಮುದ್ರಿಸಿಕೊಳ್ಳಬೇಕು. ನಿಮಿಷಕ್ಕೆ ಸುಮಾರು ೧೦ ಮೆಗಾಬೈಟಿನಂತೆ ಒಂದು ಗಂಟೆಯ ಕ್ಯಾಸೆಟ್ಟು ೬೦೦ ಮೆಗಾಬೈಟು ಹಿಡಿಯುವುದು. ಇಂದಿನ ದಿನಗಳಲ್ಲಿ ಅದು ದೊಡ್ಡ ಜಾಗವಲ್ಲ. ಸದ್ದನ್ನು ತೊಳೆಯುವ ಆತುರ ಬೇಡ. ಇದ್ದದ್ದನ್ನು ಇದ್ದಂತೆಯೇ ಒಂದು ಪ್ರತಿಯಾಗಿ ಇರಿಸಿ, ಇನ್ನೊಂದು ಪ್ರತಿಯನ್ನು ಬೇರೊಂದು ಮನೆಯಲ್ಲಿಡಿರಿ. ಹಾಡಿದವರ ಹೆಸರನ್ನೂ ಊರನ್ನೂ ವರ್ಷವನ್ನೂ, ಬಲ್ಲ ಹಿರಿಯರು ಇರುವಾಗಲೇ, ಕೇಳಿ ಬರೆಯಿಸಿರಿ.

ಹೀಗೆ ಹತ್ತು ಕ್ಯಾಸೆಟ್ಟುಗಳನ್ನು ಕೊನೆಯವರೆಗೆ ಕೇಳಿದ ಹುಡುಗನ ಕಿವಿಗೆ, ಟೇಪಿನ ನಡುಕ ಯಾವುದು, ಮುದುಕಿಯ ಕೊರಳಿನ ನಡುಕ ಯಾವುದು ಎಂಬ ವಿವೇಕವು ತಾನಾಗಿ ಹುಟ್ಟುವುದು. ಆ ವಿವೇಕವು ಹುಟ್ಟಿದ ಮೇಲೆ ಅವನು ಪೆಡಲನ್ನು ಕೊಂಡರೂ ಕೆಡುಕಿಲ್ಲ, ಕೊಳ್ಳದಿದ್ದರೂ ಕೊರತೆಯಿಲ್ಲ.