ಕಾವಲಿಗೆ ನಿಂತ ಹುಡುಗಿ

ಕಾಲ್ಚೆಂಡಾಟವನ್ನು ನೋಡಲು ಕುಳಿತವರ ಕಣ್ಣು ಚೆಂಡಿನ ಬೆನ್ನುಹತ್ತಿ ಓಡುವುದು ಸಹಜ. ಚೆಂಡು ಬಲೆಯನ್ನು ಹೊಕ್ಕೊಡನೆ ಮೈದಾನ ಭೋರ್ಗರೆಯುತ್ತದೆ. ಹೊಡೆದವರ ಹೆಸರು ಮರುದಿನದ ಪತ್ರಿಕೆಯಲ್ಲಿ ದಪ್ಪಕ್ಷರಗಳಲ್ಲಿ ಮೂಡುತ್ತದೆ. ಆದರೆ ಅದೇ ಪಂದ್ಯದಲ್ಲಿ ಆಗಬಹುದಾಗಿದ್ದ ಮೂರು ನಾಲ್ಕು ಗೋಲುಗಳು ಆಗದೆ ಹೋದುವಲ್ಲ, ಅವುಗಳ ಲೆಕ್ಕವನ್ನು ಬರೆದಿಡುವವರು ಯಾರು? ಎದುರಾಳಿಯು ಬರುವ ದಾರಿಯನ್ನು ಅರೆಗಳಿಗೆ ಮೊದಲೇ ಊಹಿಸಿ, ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ಆ ದಾರಿಯಲ್ಲಿ ಮೊದಲಿನಿಂದಲೂ ತಾನೇ ಇದ್ದವಳಂತೆ ನಿಂತುಬಿಡುವ ಆಟಗಾರ್ತಿಯನ್ನು ಗಮನಿಸುವವರು ಎಷ್ಟು ಜನ? ಕಳ್ಳನು ಬಾರದ ರಾತ್ರಿಯಲ್ಲಿ ಕಾವಲುಗಾರನನ್ನು ಹೊಗಳುವವರಿಲ್ಲ.

ಅಮೆರಿಕದ ಫುಟ್‌ಬಾಲ್ ಸಂಸ್ಥೆಯು ವರ್ಷದ ಅತ್ಯುತ್ತಮ ಆಟಗಾರ್ತಿಗೆ ಬಿರುದು ಕೊಡುವ ಪದ್ಧತಿಯನ್ನು ಆರಂಭಿಸಿದ್ದು 1985ರಲ್ಲಿ. ಮುಂದೆ ಮೂವತ್ತೇಳು ಮೂವತ್ತೆಂಟು ವರ್ಷ ಆ ಬಿರುದು ರಕ್ಷಣಾಪಂಕ್ತಿಯ ಕಡೆಗೆ ತಿರುಗಿ ನೋಡಲಿಲ್ಲ. 2023ರ ಸಾಲಿನ ಬಿರುದನ್ನು ಪ್ರಕಟಿಸಿದಾಗ ಮೊತ್ತಮೊದಲ ಬಾರಿಗೆ ಒಬ್ಬ ರಕ್ಷಕಿಯ ಹೆಸರು ಬಂದಿತು. ಆಕೆಯೇ ನಯೋಮಿ ಗಿರ್ಮಾ. ಆಗ ಆಕೆಯ ವಯಸ್ಸು ಇಪ್ಪತ್ತಮೂರು.

ಈ ಹೆಸರಿನಲ್ಲಿಯೇ ಒಂದು ಕಥೆಯಿದೆ. ನಯೋಮಿಯ ತಂದೆತಾಯಿಗಳು ಇಥಿಯೋಪಿಯದಿಂದ ಅಮೆರಿಕಕ್ಕೆ ವಲಸೆ ಬಂದವರು. ಆ ದೇಶದಲ್ಲಿ ಮನೆತನದ ಹೆಸರೆಂಬುದು ಇಲ್ಲ. ಮಗುವಿನ ಹೆಸರಿನ ಮುಂದೆ ತಂದೆಯ ಹೆಸರು, ಅಷ್ಟೇ. ತಂದೆಯ ಹೆಸರನ್ನು ಒಂದಕ್ಷರಕ್ಕೆ ಕುಗ್ಗಿಸಿ ತಲೆಯ ಮೇಲೆ ಹೊತ್ತು ನಡೆಯುವ ಹಳೆಯ ಮೈಸೂರಿನವರಿಗೆ ಇದು ಪರಕೀಯವೆನಿಸದು. ಗಿರ್ಮಾ ಎಂಬುದು ತಂದೆಯ ಹೆಸರು. ಅಂಹರಿಕ್ ಭಾಷೆಯಲ್ಲಿ ಅದಕ್ಕೆ ಘನತೆ, ವೈಭವ ಎಂಬ ಅರ್ಥ. ಸಂಸ್ಕೃತದಿಂದ ಕನ್ನಡಕ್ಕೆ ಬಂದ ‘ಗರಿಮೆ’ಗೂ ಇದಕ್ಕೂ ಉಚ್ಚಾರದಲ್ಲಿಯೂ ಅರ್ಥದಲ್ಲಿಯೂ ಇಷ್ಟು ಹತ್ತಿರದ ಹೋಲಿಕೆಯಿದ್ದರೂ ಎರಡಕ್ಕೂ ಯಾವ ನಂಟೂ ಇಲ್ಲವೆಂಬುದನ್ನು ಶಬ್ದಪ್ರಿಯರು ಮರೆಯಬಾರದು. ಭಾಷೆಗಳು ಕೆಲವೊಮ್ಮೆ ಹೀಗೆ ಚೇಷ್ಟೆ ಮಾಡುತ್ತವೆ.

ನಯೋಮಿ ಹುಟ್ಟಿದ್ದು 2000ನೆಯ ಇಸವಿ ಜೂನ್ 14ರಂದು, ಕ್ಯಾಲಿಫೋರ್ನಿಯದ ಸ್ಯಾನ್ ಹೊಸೆ ನಗರದಲ್ಲಿ. ಪರದೇಶದಲ್ಲಿ ನೆಲೆಸಿದವರಿಗೆ ತಮ್ಮವರೊಡನೆ ಕಲೆಯಲು ಒಂದು ನೆಪ ಬೇಕು. ಕನ್ನಡಿಗರಾದರೆ ರಾಜ್ಯೋತ್ಸವವನ್ನೋ ನಾಟಕವನ್ನೋ ಹಮ್ಮಿಕೊಳ್ಳುತ್ತಾರೆ. ಆ ಊರಿನ ಇಥಿಯೋಪಿಯನ್ನರಿಗೆ ಸಿಕ್ಕಿದ ನೆಪ ಚೆಂಡು. ನಯೋಮಿಯ ತಂದೆಯೂ ಅವನ ಸ್ನೇಹಿತರೂ ಸೇರಿ ‘ಮಾಲೆದಾ’ ಎಂಬ ಕ್ಲಬ್ಬನ್ನು ಕಟ್ಟಿದರು. ಮಾಲೆದಾ ಎಂದರೆ ಮುಂಜಾವು. ವಾರದ ಕೊನೆಯಲ್ಲಿ ಮನೆಮನೆಯವರೂ ಮಕ್ಕಳನ್ನು ಕರೆದುಕೊಂಡು ಮೈದಾನಕ್ಕೆ ಬರುವುದು, ಮಕ್ಕಳು ಆಡುತ್ತಿದ್ದಂತೆ ಹಿರಿಯರು ಅಲ್ಲಿಯೇ ಒಲೆ ಹೂಡಿ ಅಡುಗೆ ಮಾಡುವುದು, ಎಲ್ಲರೂ ಒಟ್ಟಿಗೆ ಉಣ್ಣುವುದು. ಬಹುಮಾನವಿಲ್ಲ, ಅಂಕಪಟ್ಟಿಯಿಲ್ಲ. ಐದು ವರ್ಷದ ನಯೋಮಿ ಚೆಂಡನ್ನು ಒದೆಯಲು ಕಲಿತದ್ದು ಇಲ್ಲಿ.

ಅಮೆರಿಕದಲ್ಲಿ ಮಕ್ಕಳ ಸಾಕರ್ ಎಂಬುದು ಹಣವುಳ್ಳವರ ಹವ್ಯಾಸ. ಬೇರೆ ದೇಶಗಳಲ್ಲಿ ಬೀದಿಯ ಬಡ ಹುಡುಗರು ಆಡಿ ಬೆಳೆಸಿದ ಈ ಆಟ ಅಲ್ಲಿ ಕ್ಲಬ್ಬುಗಳ ಶುಲ್ಕ, ಉಡುಪು, ದೂರದೂರದ ಪ್ರಯಾಣ ಎಂದು ತಂದೆತಾಯಿಗಳ ಜೇಬನ್ನು ಬರಿದುಮಾಡುತ್ತದೆ. ಒಳ್ಳೆಯ ಆಟಗಾರ್ತಿಯಾಗಬೇಕಾದರೆ ಮುಂಜಾವಿನ ಮೈದಾನ ಸಾಲದು, ಅಕಾಡೆಮಿಯ ಬಾಗಿಲನ್ನು ತಟ್ಟಲೇಬೇಕು. ನಯೋಮಿಯೂ ತಟ್ಟಿದಳು. ಕ್ಯಾಲಿಫೋರ್ನಿಯ ಥಾರ್ನ್ಸ್ ಎಂಬ ಅಕಾಡೆಮಿಯಲ್ಲಿ ಆಕೆಯ ಆಟಕ್ಕೆ ಶಿಸ್ತು ಬಂದಿತು. 2016ರಲ್ಲಿ ಜೋರ್ಡನ್ ದೇಶದಲ್ಲಿ ಹದಿನೇಳರೊಳಗಿನವರ ವಿಶ್ವಕಪ್ಪು, 2018ರಲ್ಲಿ ಫ್ರಾನ್ಸಿನಲ್ಲಿ ಇಪ್ಪತ್ತರೊಳಗಿನವರ ವಿಶ್ವಕಪ್ಪು, ಎರಡಕ್ಕೂ ಆಕೆ ಹೋದಳು. ಎರಡರಲ್ಲಿಯೂ ಅಮೆರಿಕದ ತಂಡ ಮೊದಲ ಸುತ್ತಿನಲ್ಲಿಯೇ ಮನೆಯ ದಾರಿ ಹಿಡಿಯಿತು. ಕಿರಿಯರ ಕಾಲದ ಸೋಲುಗಳನ್ನು ಜೀವನಚರಿತ್ರೆ ಬರೆಯುವವರು ಬೇಗ ದಾಟಿಹೋಗುತ್ತಾರೆ. ಹದಿನಾರರ ಹುಡುಗಿಗೆ ಅದು ದಾಟಲು ಅಷ್ಟು ಸುಲಭವಾಗಿದ್ದಿರಲಾರದು.

ಮುಂದೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯ. ಭಾಷಾಶಾಸ್ತ್ರ, ತತ್ತ್ವಶಾಸ್ತ್ರ, ಮನಶ್ಶಾಸ್ತ್ರ, ಗಣಕವಿಜ್ಞಾನ ಇವೆಲ್ಲವನ್ನೂ ಒಂದೇ ದಾರದಲ್ಲಿ ಪೋಣಿಸುವ ‘ಸಿಂಬಾಲಿಕ್ ಸಿಸ್ಟಮ್ಸ್’ ಎಂಬ ಪಾಠಕ್ರಮವೊಂದು ಅಲ್ಲಿದೆ. ಆಟದ ಹುಡುಗಿ ಆರಿಸಿಕೊಂಡದ್ದು ಅದನ್ನು. ಸಂಕೇತಗಳನ್ನು ಓದುವ ವಿದ್ಯೆ ರಕ್ಷಕಿಗೆ ಒದಗಲಿಲ್ಲವೆಂದು ಹೇಳುವವರು ಯಾರು?

ಆ ಸ್ಟ್ಯಾನ್‌ಫರ್ಡಿನ ತಂಡದಲ್ಲಿ ನಯೋಮಿಯ ಬೆನ್ನ ಹಿಂದೆ ಗೋಲ್‌ಕೀಪರ್ ಆಗಿ ನಿಂತವಳು ಕೇಟೀ ಮೇಯರ್. ಈ ಎರಡು ಸ್ಥಾನಗಳ ನಂಟು ವಿಚಿತ್ರವಾದದ್ದು. ನಡುವಿನ ರಕ್ಷಕಿಯ ಮುಖ ಯಾವಾಗಲೂ ಎದುರಾಳಿಯ ಕಡೆಗೆ; ತನ್ನ ಹಿಂದೆ ನಡೆಯುವುದು ಆಕೆಗೆ ಕಾಣದು. ಗೋಲ್‌ಕೀಪರಿಗಾದರೋ ಇಡೀ ಮೈದಾನವೇ ಕಣ್ಣೆದುರಿಗೆ. ಆಕೆ ಕೂಗಿ ಹೇಳಬೇಕು, ಈಕೆ ತಿರುಗಿ ನೋಡದೆ ನಂಬಬೇಕು. ಹಿಂದಿನಿಂದ ಬರುವ ಆ ದನಿಯೇ ರಕ್ಷಕಿಯ ಬೆನ್ನಿನ ಕಣ್ಣು. ಇಬ್ಬರೂ ಆಪ್ತ ಸ್ನೇಹಿತೆಯರಾದದ್ದರಲ್ಲಿ ಆಶ್ಚರ್ಯವಿಲ್ಲ. ಕೇಟೀ ಮಾತುಗಾತಿ, ಉತ್ಸಾಹದ ಬುಗ್ಗೆ, ನಯೋಮಿ ಮಿತಭಾಷಿಣಿ.

2019ರ ಡಿಸೆಂಬರ್ 8ರಂದು ಕಾಲೇಜು ತಂಡಗಳ ರಾಷ್ಟ್ರೀಯ ಅಂತಿಮ ಪಂದ್ಯ ನಡೆಯಿತು, ಅದೂ ನಯೋಮಿಯ ಹುಟ್ಟೂರಾದ ಸ್ಯಾನ್ ಹೊಸೆಯಲ್ಲಿಯೇ. ಎದುರಿಗೆ ನಾರ್ತ್ ಕ್ಯಾರೊಲೈನ. ನಿಗದಿಯ ಕಾಲ ಮುಗಿಯಿತು, ಹೆಚ್ಚಿನ ಕಾಲವೂ ಮುಗಿಯಿತು, ಒಂದು ಗೋಲೂ ಇಲ್ಲ. ಪೆನಾಲ್ಟಿ ಒದೆತಗಳ ಸರದಿ ಬಂದಾಗ ಕೇಟೀ ಎರಡು ಒದೆತಗಳನ್ನು ತಡೆದಳು. ತಡೆದು, ಬೆರಳಿನಿಂದ ತುಟಿಗಳ ಮೇಲೆ ಗೆರೆಯೆಳೆದು, ಬಾಯಿಗೆ ಬೀಗ ಹಾಕಿದಂತೆ ಅಭಿನಯಿಸಿದಳು. ಸ್ಟ್ಯಾನ್‌ಫರ್ಡ್ 5-4ರಿಂದ ಗೆದ್ದಿತು. ಆ ಚೇಷ್ಟೆಯ ಚಿತ್ರ ದೇಶದ ತುಂಬ ಹರಿದಾಡಿತು.

ಮರುವರ್ಷ ನಯೋಮಿಯ ಮೊಣಕಾಲಿನ ಅಸ್ಥಿಬಂಧ ಹರಿಯಿತು. ಇಡೀ ಋತುವನ್ನು ಹೊರಗೆ ಕುಳಿತು ಕಳೆಯಬೇಕಾಯಿತು. ಈ ಗಾಯದ ಬಳಿಕ ಮೊದಲಿನ ವೇಗಕ್ಕೆ ಮರಳದವರು ಹಲವರಿದ್ದಾರೆ. ಆಕೆ ಮರಳಿದಳು, 2021ರ ಡಿಸೆಂಬರಿನಲ್ಲಿ ವೃತ್ತಿಪರ ತಂಡಗಳು ಹೊಸಬರನ್ನು ಆರಿಸಿಕೊಳ್ಳುವ ದಿನ ಹೊಸದಾಗಿ ಹುಟ್ಟಿದ ಸ್ಯಾನ್ ಡಿಯೇಗೋ ವೇವ್ ತಂಡವು ಎಲ್ಲರಿಗಿಂತ ಮೊದಲು ಕೂಗಿದ ಹೆಸರು ಆಕೆಯದು. ಆ ತಂಡದ ಶಿಕ್ಷಕಿ ಕೇಸಿ ಸ್ಟೋನಿ ಸ್ವತಃ ಇಂಗ್ಲೆಂಡಿನ ರಕ್ಷಣಾಪಂಕ್ತಿಯಲ್ಲಿ ಬಹುಕಾಲ ಆಡಿದವಳು. ಕಾವಲಿನ ಬೆಲೆಯನ್ನು ಬಲ್ಲವಳು.

ಹೀಗೆ ಎಲ್ಲವೂ ಕೈಗೂಡುತ್ತಿದ್ದ ಹೊತ್ತಿನಲ್ಲಿ, 2022ರ ಮಾರ್ಚ್ 1ರಂದು, ಕೇಟೀ ಮೇಯರ್ ವಿದ್ಯಾರ್ಥಿನಿಲಯದಲ್ಲಿ ತೀರಿಕೊಂಡಳು. ತನ್ನ ಜೀವವನ್ನು ತಾನೇ ಕಳೆದುಕೊಂಡಿದ್ದಳು. ಇಪ್ಪತ್ತೆರಡು ವರ್ಷದ ಹುಡುಗಿ, ತಂಡದ ನಾಯಕಿ, ಪದವಿಗೆ ಕೆಲವೇ ತಿಂಗಳು ಉಳಿದಿತ್ತು. ಎಲ್ಲರಿಗೂ ಧೈರ್ಯ ಹೇಳುತ್ತಿದ್ದ ದನಿ ಅದು. ಅದರ ಒಳಗಿನ ಭಾರ ಹತ್ತಿರದವರಿಗೂ ಕೇಳಿಸಿರಲಿಲ್ಲ.

ಆರು ವಾರಗಳ ಬಳಿಕ, ಏಪ್ರಿಲ್ 12ರಂದು, ನಯೋಮಿ ಅಮೆರಿಕದ ಹಿರಿಯರ ತಂಡದ ಉಡುಪು ತೊಟ್ಟು ಮೊದಲ ಬಾರಿಗೆ ಕಣಕ್ಕಿಳಿದಳು. ಎದುರಾಳಿ ಉಜ್ಬೆಕಿಸ್ತಾನ, 9-0ರ ಸುಲಭ ಗೆಲುವು. ಬಾಲ್ಯದಿಂದ ಕಾದಿದ್ದ ದಿನ ಬರಬಾರದ ಹೊತ್ತಿನಲ್ಲಿ ಬಂದಿತ್ತು. ಆ ವರ್ಷವೆಲ್ಲ ಆಕೆ ಆಡಿದ ರೀತಿಯನ್ನು ನೋಡಿದವರಿಗೆ ಒಳಗಿನ ಕೋಟಲೆಯ ಸುಳಿವು ಸಿಕ್ಕಿರಲಾರದು. ವರ್ಷದ ಕೊನೆಯಲ್ಲಿ ಲೀಗಿನ ಅತ್ಯುತ್ತಮ ಹೊಸ ಆಟಗಾರ್ತಿಯೂ ಆಕೆಯೇ, ಅತ್ಯುತ್ತಮ ರಕ್ಷಕಿಯೂ ಆಕೆಯೇ. ಎರಡು ಬಿರುದುಗಳನ್ನೂ ಒಂದೇ ವರ್ಷ ಒಬ್ಬಳೇ ಪಡೆದದ್ದು ಆ ಲೀಗಿನಲ್ಲಿ ಅದೇ ಮೊದಲು.

ಆಕೆಯ ಆಟದಲ್ಲಿ ಅಂತಹದೇನಿದೆ? ಚೆಂಡಿಗಾಗಿ ನೆಲಕ್ಕೆ ಬಿದ್ದು ಜಾರುವ ರಕ್ಷಕರನ್ನು ಜನ ಮೆಚ್ಚುತ್ತಾರೆ. ಬಟ್ಟೆಗೆ ಮಣ್ಣಾದರೆ ದುಡಿಮೆ ಕಾಣುತ್ತದೆ. ನಯೋಮಿ ಬೀಳುವುದು ಅಪೂರ್ವ. ಬೀಳಬೇಕಾದ ಸ್ಥಿತಿ ಬಂದರೆ ಅದಕ್ಕೆ ಮೊದಲೇ ಎಲ್ಲಿಯೋ ತಪ್ಪಿದೆ ಎಂಬಂತಿರುತ್ತದೆ ಆಕೆಯ ನಡೆ. ಎದುರಾಳಿಯನ್ನು ಅಂಚಿನ ಕಡೆಗೆ ಮೆಲ್ಲಗೆ ತಳ್ಳುತ್ತ ಹೋಗಿ, ಹೊಡೆಯುವ ಕೋನವನ್ನು ಕಿರಿದುಮಾಡಿ, ಚೆಂಡು ಒಂದು ಗೇಣು ಕಾಲಿನಿಂದ ದೂರವಾದ ಕ್ಷಣದಲ್ಲಿ ಅದನ್ನು ಎತ್ತಿಕೊಂಡುಬಿಡುತ್ತಾಳೆ. ಅನಂತರವೂ ಕಣ್ಣುಮುಚ್ಚಿ ಆಕಾಶಕ್ಕೆ ಒದೆಯುವುದಿಲ್ಲ. ತಲೆಯೆತ್ತಿ ನೋಡಿ, ನಾಲ್ಕು ಹೆಜ್ಜೆ ತಾನೇ ಮುಂದೆ ನಡೆಸಿ, ಗೆಳತಿಯ ಕಾಲಿಗೆ ಮುಟ್ಟಿಸುತ್ತಾಳೆ. ತಂಡದ ದಾಳಿ ಆರಂಭವಾಗುವುದು ಅಲ್ಲಿಂದ.

2023ರ ವಿಶ್ವಕಪ್ಪಿಗೆ ಹೊರಡುವ ಮುನ್ನ ಈ ಮಿತಭಾಷಿಣಿ ಬಾಯಿ ತೆರೆದಳು. ‘ದಿ ಪ್ಲೇಯರ್ಸ್ ಟ್ರಿಬ್ಯೂನ್’ ಎಂಬ ಪತ್ರಿಕೆಯಲ್ಲಿ ಕೇಟೀಯ ಕುರಿತು ಬರೆದು, ತನ್ನ ವಿಶ್ವಕಪ್ಪನ್ನು ಅವಳ ನೆನಪಿಗೆ ಅರ್ಪಿಸಿದಳು. ‘ಕಾಮನ್ ಗೋಲ್’ ಎಂಬ ಸಂಸ್ಥೆಯೊಡನೆ ಸೇರಿ ಯುವ ಆಟಗಾರರ ಮನಸ್ಸಿನ ಆರೋಗ್ಯಕ್ಕಾಗಿ ಒಂದು ಕಾರ್ಯಕ್ರಮವನ್ನು ಆರಂಭಿಸಲು ಕಾರಣಳಾದಳು. ಪಂದ್ಯಗಳನ್ನು ಬಿತ್ತರಿಸುತ್ತಿದ್ದ ಫಾಕ್ಸ್ ಸಂಸ್ಥೆ ತನ್ನ ವಿಶ್ವಕಪ್ ಪ್ರಸಾರದ ನೂರರಲ್ಲಿ ಒಂದು ಪಾಲನ್ನು ಈ ವಿಷಯಕ್ಕೆ ಮೀಸಲಿಟ್ಟಿತು. ಕಾಲು ಮುರಿದರೆ ಊರಿಗೆಲ್ಲ ಹೇಳುವ, ಮನಸ್ಸು ಮುರಿದರೆ ಮನೆಯವರಿಂದಲೂ ಮುಚ್ಚಿಡುವ ವಾಡಿಕೆ ಅಮೆರಿಕದಲ್ಲಿಯೂ ಇದೆ, ಬೆಂಗಳೂರಿನಲ್ಲಿಯೂ ಇದೆ. ಪದಕಕ್ಕಾಗಿ ಹೊರಟವಳು ಈ ಮಾತನ್ನು ಎತ್ತಿದ್ದು ಸಣ್ಣ ಸಂಗತಿಯಲ್ಲ. ಸೋತರೆ ‘ಮನಸ್ಸು ಆಟದಲ್ಲಿರಲಿಲ್ಲ’ ಎನ್ನುವವರು ಸಿದ್ಧರಾಗಿರುತ್ತಾರೆ.

ಮೊದಲ ಪಂದ್ಯ ಆಕ್ಲೆಂಡಿನಲ್ಲಿ, ವಿಯೆಟ್ನಾಮಿನೊಡನೆ. ಸ್ಟ್ಯಾನ್‌ಫರ್ಡಿನ ಮತ್ತೊಬ್ಬ ಗೆಳತಿ ಸೋಫಿಯಾ ಸ್ಮಿತ್ ಗೋಲು ಹೊಡೆದಳು. ಹೊಡೆದು, ಬೆರಳಿನಿಂದ ತುಟಿಗಳ ಮೇಲೆ ಗೆರೆಯೆಳೆದಳು. ಬಲ್ಲವರಿಗೆ ತಿಳಿಯಿತು.

ಕಥೆಗಾರನಾಗಿದ್ದರೆ ಇಲ್ಲಿಂದ ತಂಡವನ್ನು ಕಪ್ಪಿನವರೆಗೆ ನಡೆಸಿಕೊಂಡು ಹೋಗುತ್ತಿದ್ದ. ನಡೆದದ್ದು ಹಾಗಲ್ಲ. ನಾಲ್ಕು ಪಂದ್ಯಗಳಲ್ಲಿ ನಯೋಮಿಯ ಕಾವಲನ್ನು ದಾಟಿ ಅಮೆರಿಕದ ಬಲೆಗೆ ಬಿದ್ದದ್ದು ಒಂದೇ ಗೋಲು, ಅದೂ ಹಾಲೆಂಡಿನದು. ಆದರೆ ಮುಂದಿನ ಪಂಕ್ತಿಯವರಿಗೆ ಹೊಡೆಯಲು ಬಾರದೆ ಹೋಯಿತು. ಆಗಸ್ಟ್ 6ರಂದು ಮೆಲ್ಬರ್ನಿನಲ್ಲಿ ಸ್ವೀಡನ್ನಿನೊಡನೆ ಗೋಲಿಲ್ಲದ ಪಂದ್ಯ ಪೆನಾಲ್ಟಿಗೆ ಹೋಯಿತು. ಗೆಲುವನ್ನು ತರಬಹುದಾಗಿದ್ದ ಒದೆತವನ್ನು ಸೋಫಿಯಾ ಗುರಿ ತಪ್ಪಿಸಿದಳು. ಕಡೆಯಲ್ಲಿ ಸ್ವೀಡನ್ನಿನ ಒದೆತವೊಂದನ್ನು ಗೋಲ್‌ಕೀಪರ್ ತಡೆದಂತೆಯೇ ಕಂಡಿತು. ಯಂತ್ರ ಅಳೆದು ನೋಡಿ, ಚೆಂಡು ಕೂದಲೆಳೆಯಷ್ಟು ಗೆರೆ ದಾಟಿದೆಯೆಂದು ತೀರ್ಪು ಕೊಟ್ಟಿತು. ಅಲ್ಲಿಯವರೆಗಿನ ಯಾವ ಮಹಿಳಾ ವಿಶ್ವಕಪ್ಪಿನಲ್ಲಿಯೂ ಅಮೆರಿಕ ಅಷ್ಟು ಬೇಗ ಹೊರಬಿದ್ದಿರಲಿಲ್ಲ. ತಂಡದ ಮೇಲೆ ಟೀಕೆಗಳ ಮಳೆ ಸುರಿಯಿತು. ಅದರಲ್ಲಿ ತೋಯದೆ ಉಳಿದವರು ವಿರಳ. ಅವರಲ್ಲಿ ನಯೋಮಿ ಒಬ್ಬಳು. ಮೊದಲು ಹೇಳಿದ ವರ್ಷದ ಬಿರುದು ಬಂದದ್ದು ಈ ಸೋಲಿನ ವರ್ಷಕ್ಕೇ.

ಮುಂದಿನ ವರ್ಷ ಪ್ಯಾರಿಸ್ ಒಲಿಂಪಿಕ್ಸ್. ಹೊಸ ಶಿಕ್ಷಕಿ ಎಮ್ಮಾ ಹೇಯ್ಸ್ ಬಂದಿದ್ದಳು. ಹದಿನೇಳು ದಿನಗಳಲ್ಲಿ ಆರು ಪಂದ್ಯ, ಅವುಗಳಲ್ಲಿ ಎರಡು ಹೆಚ್ಚಿನ ಕಾಲಕ್ಕೆ ಎಳೆದವು. ನಯೋಮಿ ಒಂದು ನಿಮಿಷವೂ ಮೈದಾನವನ್ನು ಬಿಟ್ಟು ಹೊರಗೆ ಬರಲಿಲ್ಲ. ಒಟ್ಟು ಕೂಟದಲ್ಲಿ ತಂಡ ಬಿಟ್ಟುಕೊಟ್ಟದ್ದು ಎರಡೇ ಗೋಲು. 2024ರ ಆಗಸ್ಟ್ 10ರಂದು ಬ್ರೆಜಿಲ್ಲನ್ನು 1-0ರಿಂದ ಸೋಲಿಸಿ ಅಮೆರಿಕ ಹನ್ನೆರಡು ವರ್ಷಗಳ ಬಳಿಕ ಚಿನ್ನವನ್ನು ಪಡೆಯಿತು. ಗೋಲು ಹೊಡೆದ ಮ್ಯಾಲರಿ ಸ್ವಾನ್ಸನ್ನಳ ಚಿತ್ರ ಪತ್ರಿಕೆಗಳಲ್ಲಿ ಬಂದಿತು, ಅದು ನ್ಯಾಯವೇ. ಆದರೆ ತಾನು ಕಂಡ ರಕ್ಷಕಿಯರಲ್ಲೆಲ್ಲ ನಯೋಮಿಯೇ ಶ್ರೇಷ್ಠಳೆಂದು ಹೇಯ್ಸ್ ಆ ದಿನಗಳಲ್ಲಿ ಮುಚ್ಚುಮರೆಯಿಲ್ಲದೆ ನುಡಿದಳು.

ಅದೇ ಅಕ್ಟೋಬರಿನಲ್ಲಿ ಲೂಯಿವಿಲ್ಲಿನಲ್ಲಿ ಅರ್ಜೆಂಟೀನದ ವಿರುದ್ಧ ಆಡುವಾಗ, ಅದುವರೆಗೆ ದೇಶಕ್ಕಾಗಿ ಒಂದು ಗೋಲನ್ನೂ ಹೊಡೆಯದಿದ್ದ ನಯೋಮಿ ಒಂದೇ ಪಂದ್ಯದಲ್ಲಿ ಎರಡು ಹೊಡೆದಳು. ಜೊತೆಯವರಿಗೇ ನಗು ತಡೆಯದಂತಹ ಸಂದರ್ಭ.

2025ರ ಜನವರಿಯಲ್ಲಿ ಲಂಡನ್ನಿನ ಚೆಲ್ಸಿ ತಂಡವು ಆಕೆಗಾಗಿ ಸ್ಯಾನ್ ಡಿಯೇಗೋಗೆ ಸುಮಾರು ಹನ್ನೊಂದು ಲಕ್ಷ ಡಾಲರುಗಳನ್ನು ತೆತ್ತಿತು. ಮಹಿಳಾ ಫುಟ್‌ಬಾಲಿನಲ್ಲಿ ಹತ್ತು ಲಕ್ಷ ಡಾಲರಿನ ಗೆರೆಯನ್ನು ದಾಟಿದ ಮೊದಲ ವರ್ಗಾವಣೆ ಅದು. ಗೋಲು ಹೊಡೆಯುವವರನ್ನೆಲ್ಲ ಬಿಟ್ಟು, ಗೋಲು ತಡೆಯುವವಳಿಗೆ ಜಗತ್ತಿನಲ್ಲಿ ಎಲ್ಲರಿಗಿಂತ ಹೆಚ್ಚಿನ ಬೆಲೆ ಬಂದಿತ್ತು. ಆ ಚೋದ್ಯ ಆರು ತಿಂಗಳೂ ಬಾಳಲಿಲ್ಲ. ಜುಲೈ ತಿಂಗಳಿನಲ್ಲಿ ಆರ್ಸೆನಲ್ ತಂಡ ಕೆನಡದ ಒಲಿವಿಯಾ ಸ್ಮಿತ್ತಳಿಗಾಗಿ ಹತ್ತು ಲಕ್ಷ ಪೌಂಡುಗಳನ್ನು ಎಣಿಸಿ ಆ ದಾಖಲೆಯನ್ನು ಮುರಿಯಿತು. ಒಲಿವಿಯಾ ಮುಂದಿನ ಪಂಕ್ತಿಯವಳು, ಗೋಲು ಹೊಡೆಯುವವಳು.